ಟೊರೊಂಟೊದಲ್ಲಿ ನಾಲ್ಕು ದಿನಕ್ಕೆ ಮನೆ ಬಾಡಿಗೆ: ಕೊಡುವವರಿಗೂ ಹಿಡಿಯುವವರಿಗೂ

ದಾವಣಗೆರೆಯಲ್ಲಿ, ಎಂಸಿಸಿ ಬಿ ಬ್ಲಾಕ್‌ನ ಅಮ್ಮನ ಮನೆಯಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ನಾನು ಟೊರೊಂಟೊ ಸೇರಿ ಹನ್ನೊಂದು ವರ್ಷ ಆಯಿತು, ಈ ಸಲ ಎರಡು ತಿಂಗಳ ರಜೆ ಹಾಕಿ ಬಂದಿದ್ದೇನೆ. ಅಕ್ಕನ ಮಗ ಆಗಸ್ಟ್‌ನಲ್ಲಿ ಅಲ್ಲಿಗೇ ಓದಲು ಹೊರಟಿದ್ದಾನೆ. ನಿನ್ನೆ ಬೆಣ್ಣೆ ದೋಸೆ ತಿನ್ನುತ್ತಾ ಫೋನ್ ನನ್ನ ಮುಂದೆ ಹಿಡಿದ. "ಚಿಕ್ಕಮ್ಮ, ಮೊದಲ ಹತ್ತು ದಿನಕ್ಕೆ ಒಂದು ಬೇಸ್‌ಮೆಂಟ್ ಸಿಕ್ಕಿದೆ, ನಮ್ಮ ಕನ್ನಡದವರದ್ದೇ, ಅರ್ಧ ದುಡ್ಡು ಈಗಲೇ ಹಾಕಬೇಕಂತೆ." ಫೋಟೊ ಚೆನ್ನಾಗಿತ್ತು, ಬಾಡಿಗೆಯೂ ಜಾಸ್ತಿ ಇರಲಿಲ್ಲ. ನಂಬರ್ ಎಲ್ಲಿದೆ ಎಂದು ಕೇಳಿದೆ. "ಓನರ್ ಫೋನ್ ನಂಬರಾ?" ಎಂದ.

ಅವನದ್ದು ತಪ್ಪಲ್ಲ. ನಮ್ಮೂರಲ್ಲಿ ಮನೆ ಬಾಡಿಗೆ ಅಂದರೆ ಗೇಟಿಗೆ ಒಂದು ಟು ಲೆಟ್ ಬೋರ್ಡು, ಕೈಗೆ ಅಡ್ವಾನ್ಸು, ಬಾಯಿ ಮಾತು, ಅಷ್ಟೇ. ಮೆಡಿಕಲ್ ಕಾಲೇಜಿನ ಹುಡುಗರಿಗೆ ಮಹಡಿ ಮೇಲಿನ ರೂಮು ಕೊಟ್ಟವರು ಪಾಲಿಕೆಗೆ ಹೋಗಿ ಕೇಳಿದ್ದನ್ನು ನಾನಂತೂ ನೋಡಿಲ್ಲ. ದುಗ್ಗಮ್ಮನ ಜಾತ್ರೆಗೆ ಒಂದೊಂದು ಮನೆಯಲ್ಲಿ ಇಪ್ಪತ್ತಿಪ್ಪತ್ತು ಜನ ಮಲಗುತ್ತಾರೆ, ಯಾರಾದರೂ ಲೆಕ್ಕ ಕೇಳುತ್ತಾರಾ? ಹಾಗಾಗಿ ನನ್ನ ಮನೆಯನ್ನು ನಾಲ್ಕು ದಿನಕ್ಕೆ ಕೊಡಲು ಸಿಟಿಯವರ, ಅಂದರೆ ಅಲ್ಲಿನ ಪಾಲಿಕೆಯವರ ಹತ್ತಿರ ಹೆಸರು ಬರೆಸಬೇಕು ಅನ್ನುವುದು ನಮ್ಮ ತಲೆಗೆ ಹೊಳೆಯುವುದೇ ಇಲ್ಲ.

ಟೊರೊಂಟೊದಲ್ಲಿ ಬರೆಸಬೇಕು. ಸತತ 28 ದಿನಕ್ಕಿಂತ ಕಡಿಮೆ ಅವಧಿಗೆ, ದುಡ್ಡು ತೆಗೆದುಕೊಂಡು ಮನೆಯನ್ನೋ ರೂಮನ್ನೋ ಕೊಟ್ಟರೆ ಅದು ಶಾರ್ಟ್ ಟರ್ಮ್ ರೆಂಟಲ್. 2020ರ ಸೆಪ್ಟೆಂಬರ್ 10ರಿಂದ ಇದಕ್ಕೆ ನೋಂದಣಿ ಶುರುವಾಯಿತು. ಹೆಸರು ಬರೆಸಿದರೆ ಎಸ್‌ಟಿಆರ್ ಅಂತ ಶುರುವಾಗುವ ಒಂದು ನಂಬರ್ ಕೊಡುತ್ತಾರೆ. ಮನೆ ಖಾಲಿ ಇದೆ ಅಂತ ಎಲ್ಲೇ ಜಾಹೀರಾತು ಹಾಕಿದರೂ ಆ ನಂಬರ್ ಅದರಲ್ಲಿ ಇರಬೇಕು. ದಿನದ ಲೆಕ್ಕದಲ್ಲಿ ಮನೆ ಬುಕ್ ಮಾಡುವ ಏರ್‌ಬಿಎನ್‌ಬಿ ಆ್ಯಪ್‌ನಲ್ಲಿ ಮಾತ್ರ ಅಲ್ಲ, ವಾಟ್ಸಾಪ್ ಗುಂಪಿನಲ್ಲಿ "ಸಸ್ಯಾಹಾರಿ ಕುಟುಂಬಕ್ಕೆ ಒಂದು ವಾರಕ್ಕೆ ರೂಮು" ಅಂತ ಹಾಕುತ್ತೀರಲ್ಲ, ಅದರಲ್ಲೂ. ನಮ್ಮವರೇ ಅಲ್ವಾ, ಕ್ಯಾಶ್ ತಾನೇ ಅಂದರೆ ನಿಯಮ ಬದಲಾಗುವುದಿಲ್ಲ. ದುಡ್ಡು ತೆಗೆದುಕೊಳ್ಳದೆ ಚಿಕ್ಕಪ್ಪನ ಮಗನನ್ನು ಹತ್ತು ದಿನ ಇಟ್ಟುಕೊಂಡರೆ ಅದು ಬಾಡಿಗೆಯೇ ಅಲ್ಲ, ಉಪ್ಪಿನಕಾಯಿ ಡಬ್ಬಿ ತಂದುಕೊಟ್ಟರೆ ಇಟ್ಟುಕೊಳ್ಳಿ, ಅದಕ್ಕೆ ಯಾರೂ ಏನೂ ಅನ್ನುವುದಿಲ್ಲ.

ಈಗ ಮುಖ್ಯವಾದ ಮಾತು. ನಮ್ಮವರು ಎಡವುವುದು ಇಲ್ಲೇ. ನಾವು ಕೇಳಿಕೊಳ್ಳುವ ಪ್ರಶ್ನೆ "ಮನೆ ನನ್ನದಾ?" ಅಂತ. ಸಿಟಿಯವರು ಕೇಳುವುದು "ನೀನು ಇಲ್ಲೇ ಇರುತ್ತೀಯಾ?" ಅಂತ. ನೀವು ದಿನಾ ವಾಸ ಮಾಡುವ ಮನೆ, ನಿಮ್ಮ ಲೈಸೆನ್ಸು, ಬಿಲ್ಲು, ಟ್ಯಾಕ್ಸ್ ಕಾಗದ, ಇನ್ಶೂರೆನ್ಸು ಎಲ್ಲದರಲ್ಲೂ ವಿಳಾಸ ಇರುವ ಮನೆ, ಅದು ನಿಮ್ಮ ಪ್ರಿನ್ಸಿಪಲ್ ರೆಸಿಡೆನ್ಸ್. ಒಬ್ಬರಿಗೆ ಅಂಥದ್ದು ಒಂದೇ ಇರಲು ಸಾಧ್ಯ, ಮತ್ತು ಅದನ್ನು ಮಾತ್ರ ಹೀಗೆ ಕೊಡಬಹುದು. ಎರಡನೇ ಕಾಂಡೊ, ಅಂದರೆ ಅಪಾರ್ಟ್‌ಮೆಂಟಿನಲ್ಲಿ ಸ್ವಂತ ಫ್ಲಾಟು, ತೆಗೆದುಕೊಂಡು ಪೂರ್ತಿ ಏರ್‌ಬಿಎನ್‌ಬಿಗೆ ಬಿಡುತ್ತೇನೆ, ಕಂತು ಅದೇ ಕಟ್ಟಿಕೊಳ್ಳುತ್ತದೆ ಅಂತ ಲೆಕ್ಕ ಹಾಕುವವರನ್ನು ಪ್ರತಿ ಯುಗಾದಿ ಊಟದ ಪಂಕ್ತಿಯಲ್ಲಿ ನೋಡುತ್ತೇನೆ. ಆ ಲೆಕ್ಕ ಟೊರೊಂಟೊದಲ್ಲಿ ಕೂಡುವುದಿಲ್ಲ. ಹಾಗೆ ಮನೆಗಳೆಲ್ಲ ಹೋಟೆಲ್ ಆಗಿಬಿಟ್ಟರೆ ಊರಲ್ಲಿ ಇರುವವರಿಗೆ ಬಾಡಿಗೆ ಮನೆ ಸಿಗುವುದಿಲ್ಲ ಅಂತಲೇ ಈ ನಿಯಮ ಮಾಡಿದ್ದು, ಮತ್ತು ಬಾಡಿಗೆ ಮನೆ ಹುಡುಕಿ ಕಣ್ಣೀರು ಹಾಕಿದ ಹೊಸಬಳಾಗಿದ್ದ ನನಗೆ ಅದು ಸರಿ ಅಂತಲೇ ಅನಿಸುತ್ತದೆ.

ಇದರ ಇನ್ನೊಂದು ಮುಖ ಒಳ್ಳೆಯದು. ಇರುವುದು ಮುಖ್ಯ, ಮನೆ ಯಾರದ್ದು ಅನ್ನುವುದಲ್ಲ, ಆದ್ದರಿಂದ ಬಾಡಿಗೆಗೆ ಇರುವವರೂ ನೋಂದಣಿ ಮಾಡಿಸಬಹುದು. ಆದರೆ ನಿಮ್ಮ ಲೀಸ್‌ನಲ್ಲಿ ಏನು ಬರೆದಿದೆ ನೋಡಿ, ಓನರ್ ಹತ್ತಿರ ಬರವಣಿಗೆಯಲ್ಲಿ ಒಪ್ಪಿಗೆ ತೆಗೆದುಕೊಳ್ಳಿ. ಸಿಟಿ ನಂಬರ್ ಕೊಟ್ಟಿತು ಅಂತ ಓನರ್ ಸುಮ್ಮನಿರಬೇಕಾಗಿಲ್ಲ.

ಬೇಸ್‌ಮೆಂಟ್, ಅಂದರೆ ನೆಲಮಾಳಿಗೆಯ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಹುಡುಗ ತೋರಿಸಿದ್ದೂ ಅದೇ. ಕೆಳಗಿನದು ಬೇರೆ ಬಾಗಿಲು, ಬೇರೆ ಅಡುಗೆ ಮನೆ ಇರುವ ಪ್ರತ್ಯೇಕ ಮನೆಯಾಗಿದ್ದರೆ ಅದನ್ನು ಶಾರ್ಟ್ ಟರ್ಮ್‌ಗೆ ಕೊಡುವ ಹಕ್ಕು ಅಲ್ಲೇ ವಾಸ ಇರುವವರಿಗೆ ಮಾತ್ರ. ಮೇಲಿನ ಮನೆಯಲ್ಲಿ ಇರುವ ಓನರ್ ಕೆಳಗಿನದನ್ನು ವಾರಕ್ಕೊಬ್ಬರಿಗೆ ಕೊಡುವಂತಿಲ್ಲ. ತಿಂಗಳ ಬಾಡಿಗೆಗೆ, ವರ್ಷದ ಬಾಡಿಗೆಗೆ ಕೊಡಲಿ, ಅದು ಬೇರೆ ದಾರಿ. ಅದೇ ತಾವು ಇರುವ ಮನೆಯ ಒಳಗೇ ಒಂದೆರಡು ರೂಮು ಕೊಡುವುದಾದರೆ ಮೂರು ಬೆಡ್‌ರೂಮಿನವರೆಗೆ ಕೊಡಬಹುದು, ವರ್ಷದಲ್ಲಿ ಎಷ್ಟು ರಾತ್ರಿಯಾದರೂ ಸರಿ. ಪೂರ್ತಿ ಮನೆ ಬಿಟ್ಟುಕೊಟ್ಟರೆ ಮಾತ್ರ ಕ್ಯಾಲೆಂಡರ್ ವರ್ಷಕ್ಕೆ 180 ರಾತ್ರಿ ಮಿತಿ. ಊರಿಗೆ ಬರುವಾಗ ಮನೆ ಕೊಟ್ಟು ಟಿಕೆಟ್ ದುಡ್ಡು ಎತ್ತಿಕೊಳ್ಳುವ ನಮ್ಮಂಥವರಿಗೆ 180 ಧಾರಾಳ ಸಾಕು. ನನ್ನ ಮನೆ ಈ ವರ್ಷ ಇಲ್ಲಿಯವರೆಗೆ 41 ರಾತ್ರಿ ಹೋಗಿದೆ.

ಅರ್ಜಿ ಆನ್‌ಲೈನ್‌ನಲ್ಲೇ. ಗುರುತಿಗೆ ಒಂಟಾರಿಯೊ (ಟೊರೊಂಟೊ ಇರುವ ಪ್ರಾಂತ್ಯ) ಡ್ರೈವಿಂಗ್ ಲೈಸೆನ್ಸ್ ಅಥವಾ ಒಂಟಾರಿಯೊ ಫೋಟೊ ಕಾರ್ಡ್ ಕೇಳುತ್ತಾರೆ, ನಮ್ಮ ಪಾಸ್‌ಪೋರ್ಟ್ ತೋರಿಸಿದರೆ ನಡೆಯುವುದಿಲ್ಲ. ಮನೆ ಬದಲಾಯಿಸಿ ಲೈಸೆನ್ಸಿನಲ್ಲಿ ಹಳೇ ವಿಳಾಸವನ್ನೇ ಇಟ್ಟುಕೊಂಡು ಓಡಾಡುವ ಅಭ್ಯಾಸ ನಮಗೆಲ್ಲ ಇದೆ, ಮೊದಲು ಅದನ್ನು ಸರಿ ಮಾಡಿಸಿ. ಮೊದಮೊದಲು ಫೀಸು 50 ಡಾಲರ್ ಇತ್ತು, 2025ರಲ್ಲಿ 375 ಮಾಡಿದರು. ವರ್ಷಕ್ಕೊಮ್ಮೆ ನವೀಕರಿಸಬೇಕು. ವರ್ಷಕ್ಕೆ ನಾಲ್ಕು ದಿನ ಕೊಡುವವರಿಗೆ ಈ ಫೀಸು ಗಿಟ್ಟುವುದಿಲ್ಲ, ಅಂಥವರು ಸುಮ್ನೆ ಮನೆಗೆ ಬೀಗ ಹಾಕಿಕೊಂಡು ಬರುವುದೇ ಲೇಸು.

ಇನ್ನು ಕಾಂಡೊದಲ್ಲಿ ಇರುವವರು. 2021ರಲ್ಲಿ ನಾವು ಕಾಂಡೊದಲ್ಲಿ ಇದ್ದೆವು. ನಾನು ಬಹಳ ಜಾಣೆ ಅಂದುಕೊಂಡು ಸಿಟಿ ನೋಂದಣಿ ಮಾಡಿಸಿ, ನಂಬರ್ ಬಂದ ದಿನವೇ ಒಂದು ರೂಮು ಹಾಕಿಬಿಟ್ಟೆ. ಒಂದು ಸಂಸಾರ ನಾಲ್ಕು ರಾತ್ರಿಗೆ ಬುಕ್ ಮಾಡಿತು. ಅವರು ಬರಲು ಎರಡು ದಿನ ಇದೆ ಅನ್ನುವಾಗ ಕಟ್ಟಡದ ಆಫೀಸಿನಿಂದ ಕಾಗದ ಬಂತು. ನಮ್ಮ ಕಾಂಡೊದ ಡಿಕ್ಲರೇಶನ್‌ನಲ್ಲೇ, ಅಂದರೆ ಕಟ್ಟಡದ ಮೂಲ ನಿಯಮಪತ್ರದಲ್ಲೇ, ಇಂಥ ಬಾಡಿಗೆ ಕೂಡದು ಅಂತ ಬರೆದಿತ್ತಂತೆ. ಮನೆ ತೆಗೆದುಕೊಳ್ಳುವಾಗ ಆ ದಪ್ಪ ಕಟ್ಟಿಗೆ ಸಹಿ ಹಾಕಿದ್ದು ನಾನೇ, ಓದಿದ್ದು ಮಾತ್ರ ಯಾರೂ ಅಲ್ಲ. ಮಗು ಕಟ್ಟಿಕೊಂಡು ಹೊರಟಿದ್ದ ಆ ತಾಯಿಗೆ ಫೋನ್ ಮಾಡಿ ಬರಬೇಡಿ ಅಂದೆನಲ್ಲ, ಆ ಮಾತು ಆಡಿದ ಸಂಕಟ ಹೋದ ಫೀಸಿಗಿಂತ ದೊಡ್ಡದು. ಸಿಟಿಯ ನಂಬರ್ ಕಾಂಡೊದ ನಿಯಮವನ್ನು ಅಳಿಸುವುದಿಲ್ಲ. ಮೊದಲು ಕಾಂಡೊ ಕಾಗದ, ಆಮೇಲೆ ಸಿಟಿ ಅರ್ಜಿ. ನಾನು ಮಾಡಿದ್ದು ಉಲ್ಟಾ.

ಈಗ ಟೊರೊಂಟೊದ್ದೇ ಭಾಗವಾದ ಸ್ಕಾರ್‌ಬರೊದಲ್ಲಿ ಸಣ್ಣ ಸ್ವಂತ ಮನೆ, ಆ ತಾಪತ್ರಯ ಇಲ್ಲ. ಆದರೂ ಅತಿಥಿಗೆ ಕೊಡಬೇಕಾದ್ದು ಕೊಡಲೇಬೇಕು: ಹೊರಗೆ ಹೋಗುವ ದಾರಿ ತೋರಿಸುವ ನಕ್ಷೆ ಎದ್ದು ಕಾಣುವ ಹಾಗೆ ಗೋಡೆ ಮೇಲೆ, ತುರ್ತು ಸಹಾಯದ 911ಕ್ಕೆ ಯಾವಾಗ ಕರೆ ಮಾಡಬೇಕು ಅನ್ನುವ ವಿವರ, ಮತ್ತು ಹಗಲು ರಾತ್ರಿ ಯಾವಾಗ ಮಾಡಿದರೂ ಎತ್ತುವ ಒಂದು ಫೋನ್ ನಂಬರ್. ಈ ಕೊನೆಯದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ದಾವಣಗೆರೆಯಲ್ಲಿ ಬೆಳಿಗ್ಗೆ ಒಂಬತ್ತು ಅಂದರೆ ಬೇಸಿಗೆಯಲ್ಲಿ ಅಲ್ಲಿ ಹಿಂದಿನ ರಾತ್ರಿ ಹನ್ನೊಂದೂವರೆ. ಅಲ್ಲಿ ನಲ್ಲಿ ಒಡೆದರೆ ನಾನು ಇಲ್ಲಿ ಮಿರ್ಚಿ ಮಂಡಕ್ಕಿ ತಟ್ಟೆ ಹಿಡಿದುಕೊಂಡು ಏನು ಮಾಡಲಿ? ಅದಕ್ಕೇ ಎದುರು ಮನೆಯ ತಮಿಳು ಅಕ್ಕನ ಕೈಗೆ ಬೀಗದ ಕೈ ಕೊಟ್ಟು, ಅವರನ್ನು ಕೇಳಿಯೇ ಅವರ ನಂಬರನ್ನೂ ಬರೆದಿದ್ದೇನೆ. ವಾಪಸ್ ಹೋಗುವಾಗ ಅವರಿಗೆ ಇಳಕಲ್ ಸೀರೆ ಒಂದು ಬಾಕಿ ಇದೆ. ಮನೆಯ ಇನ್ಶೂರೆನ್ಸ್‌ನವರಿಗೂ ಮೊದಲೇ ಹೇಳಿ. ಹೇಳದೆ ಕೊಟ್ಟು ಆಮೇಲೆ ಏನಾದರೂ ಸುಟ್ಟರೆ, ಒಡೆದರೆ, ಕ್ಲೇಮ್ ತಿರಸ್ಕರಿಸಲು ಅವರಿಗೆ ಅಷ್ಟು ಸಾಕು.

ತೆರಿಗೆ ಎರಡು ಥರ. ಒಂದು ಸಿಟಿಯ ತಂಗುವ ತೆರಿಗೆ, ಮುನಿಸಿಪಲ್ ಅಕಾಮಡೇಶನ್ ಟ್ಯಾಕ್ಸ್. ಮೊದಲು ಶೇ 4 ಇತ್ತು, 2023ರಲ್ಲಿ 6 ಆಯಿತು, 2025ರ ಜೂನ್ 1ರಿಂದ 2026ರ ಜುಲೈ 31ರವರೆಗೆ ಎಂಟೂವರೆ. ರಾತ್ರಿಗೆ 120 ಡಾಲರಿನಂತೆ ನಾಲ್ಕು ರಾತ್ರಿ ಕೊಟ್ಟರೆ 480, ಅದಕ್ಕೆ ಎಂಟೂವರೆಯ ಲೆಕ್ಕದಲ್ಲಿ 40 ಡಾಲರ್ 80 ಸೆಂಟ್. ಇದು ಅತಿಥಿಯಿಂದ ಪಡೆದು ಮೂರು ತಿಂಗಳಿಗೊಮ್ಮೆ ಸಿಟಿಗೆ ಕಟ್ಟುವ ದುಡ್ಡು, ನಮ್ಮ ಜೇಬಿನದ್ದಲ್ಲ, ನಮ್ಮ ಜೇಬಿಗೂ ಅಲ್ಲ. ಏರ್‌ಬಿಎನ್‌ಬಿ ಮೂಲಕ ಬಂದ ಬುಕಿಂಗ್‌ಗೆ ಅವರೇ ಹಿಡಿದು ಕಟ್ಟುತ್ತಾರೆ. ನೇರವಾಗಿ ಕೊಟ್ಟರೆ ಜವಾಬ್ದಾರಿ ನಿಮ್ಮದೇ. ಪ್ರತಿ ಬುಕಿಂಗ್‌ನ ದಾಖಲೆಯನ್ನು ಮೂರು ವರ್ಷ ಇಟ್ಟಿರಬೇಕು. ನಮ್ಮ ಮನೆಯವರು ಒಂದು ಎಕ್ಸೆಲ್ ಶೀಟ್ ಇಟ್ಟಿದ್ದಾರೆ, ನಾನು ಅದನ್ನು ನಂಬದೆ ನೋಟ್‌ಬುಕ್ಕಿನಲ್ಲೂ ಬರೆಯುತ್ತೇನೆ.

ಎರಡನೆಯದು ಆದಾಯ ತೆರಿಗೆ. ಬಂದ ಬಾಡಿಗೆ ಆದಾಯವೇ, ತೋರಿಸಲೇಬೇಕು. ಹೊಸಬರಿಗೆ ಗೊತ್ತಿಲ್ಲದ ಒಂದು ಏಟು ಇಲ್ಲಿದೆ. 2024ರ ಜನವರಿ 1ರಿಂದ, ನೋಂದಣಿ ಬೇಕಾದ ಊರಲ್ಲಿ ನೋಂದಣಿ ಇಲ್ಲದೆ ಇಂಥ ಬಾಡಿಗೆಗೆ ಕೊಟ್ಟರೆ ಕೇಂದ್ರದ ತೆರಿಗೆಯವರು ಅದರ ಖರ್ಚುಗಳನ್ನು ಕಳೆಯಲು ಬಿಡುವುದಿಲ್ಲ. ಕರೆಂಟು, ಬಡ್ಡಿ, ಕ್ಲೀನಿಂಗು ಯಾವುದೂ ಇಲ್ಲ, ಬಂದದ್ದಕ್ಕೆಲ್ಲ ತೆರಿಗೆ. ಕದ್ದುಮುಚ್ಚಿ ಕೊಟ್ಟು ಉಳಿಸಿದೆ ಅಂದುಕೊಂಡದ್ದು ಅಲ್ಲೇ ಹೋಗುತ್ತದೆ. ನಾಲ್ಕು ತ್ರೈಮಾಸಿಕಕ್ಕೆ 30,000 ಡಾಲರ್ ದಾಟಿದರೆ ಎಚ್‌ಎಸ್‌ಟಿ (ನಮ್ಮ ಜಿಎಸ್‌ಟಿ ಥರದ ತೆರಿಗೆ) ನೋಂದಣಿಯೂ ಬರುತ್ತದೆ, ಅಷ್ಟು ದುಡಿಯುವವರು ಅಕೌಂಟೆಂಟ್ ಹತ್ತಿರವೇ ಹೋಗಿ.

ಇದೆಲ್ಲ ಟೊರೊಂಟೊ ಸಿಟಿಯ ಮಾತು. ಮಿಸ್ಸಿಸಾಗಾ, ಬ್ರಾಂಪ್ಟನ್ ಪಕ್ಕದಲ್ಲೇ ಇದ್ದರೂ ಬೇರೆ ಊರು, ಬೇರೆ ಲೈಸೆನ್ಸು. ಹರಿಹರದವರಿಗೆ ದಾವಣಗೆರೆ ಪಾಲಿಕೆಯ ರಸೀದಿ ನಡೆಯುತ್ತದಾ? ಹಾಗೆಯೇ.

ಹಿಡಿಯುವವರಿಗೆ, ಅಂದರೆ ಮೊದಲ ಸಲ ಸೂಟ್‌ಕೇಸ್ ಎಳೆದುಕೊಂಡು ಇಳಿಯುವವರಿಗೆ, ನಾನು ಹೇಳುವುದು ಸ್ವಲ್ಪವೇ. ಹತ್ತು ಹದಿನೈದು ದಿನಕ್ಕೆ ಮನೆ ನೋಡುವಾಗ ಜಾಹೀರಾತಿನಲ್ಲಿ ನಂಬರ್ ಹುಡುಕಿ, ಇಲ್ಲದಿದ್ದರೆ ಕೇಳಿ. ಕೇಳಿದ್ದಕ್ಕೆ ಬೇಜಾರು ಮಾಡಿಕೊಳ್ಳುವವರಿಗೆ ದುಡ್ಡು ಹಾಕಬೇಡಿ. ನಂಬರ್ ಇಲ್ಲದ ಮನೆಯ ಜಾಹೀರಾತು ಯಾವತ್ತು ಬೇಕಾದರೂ ಕಿತ್ತು ಹೋಗಬಹುದು, ಆಗ ನೀವು ವಿಮಾನದಲ್ಲಿ ಇರುತ್ತೀರಿ. ಆಮೇಲೆ ಖಾಯಂ ಬಾಡಿಗೆ ಮನೆ ನೋಡುವಾಗ ಒಂಟಾರಿಯೊದಲ್ಲಿ ಓನರ್ ಡಿಪಾಸಿಟ್ ಅಂತ ಕೇಳಬಹುದಾದ್ದು ಹೆಚ್ಚೆಂದರೆ ಒಂದು ತಿಂಗಳ ಬಾಡಿಗೆ, ಅದೂ ಕೊನೆಯ ತಿಂಗಳಿಗೆ ಜಮಾ ಆಗುವಂಥದ್ದು. ನಮ್ಮೂರಿನ ಹತ್ತು ತಿಂಗಳ ಅಡ್ವಾನ್ಸ್ ನೆನಪಿಟ್ಟುಕೊಂಡು ಕೇಳಿದಷ್ಟು ಎಣಿಸಬೇಡಿ.

ಹುಡುಗ ಆ ಬೇಸ್‌ಮೆಂಟ್‌ನವರಿಗೆ ಮೆಸೇಜ್ ಹಾಕಿದ, ನಂಬರ್ ಕೊಡಿ ಅಣ್ಣ ಅಂತ. ಎರಡು ನೀಲಿ ಗೆರೆ ಬಂದವು, ಉತ್ತರ ಬರಲಿಲ್ಲ. ಸಂಜೆ ಕುಂದವಾಡ ಕೆರೆ ಏರಿ ಮೇಲೆ ನಡೆಯುವಾಗ ಇನ್ನೊಂದು ಮನೆ ತೋರಿಸಿದ. ಒಬ್ಬ ವಯಸ್ಸಾದ ಹೆಂಗಸು ತಾನಿರುವ ಮನೆಯಲ್ಲೇ ಒಂದು ರೂಮು ಕೊಡುತ್ತಾಳೆ, ರಾತ್ರಿಗೆ ಹನ್ನೆರಡು ಡಾಲರ್ ಜಾಸ್ತಿ, ಫೋಟೊದಲ್ಲಿ ಹಳೇ ಪರದೆ, ಕೆಳಗೆ ಎಸ್‌ಟಿಆರ್ ನಂಬರ್. ಬುಕ್ ಮಾಡು ಅಂದೆ. ಅಡುಗೆ ಮನೆಯಲ್ಲಿ ಒಗ್ಗರಣೆ ಹಾಕಲು ಬಿಡುತ್ತಾಳಾ ಕೇಳಲಾ ಅಂದ. ಅದನ್ನು ಮೊದಲೇ ಕೇಳಿಕೋ ಅಂದೆ.