ಮಸಾಯಿ ಮಾರಾದಲ್ಲಿ ಹಕ್ಕಿ ಚಿತ್ರಣ: ಮೊದಲು ಗುರುತಿಗೆ, ಆಮೇಲೆ ಅಂದಕ್ಕೆ

ಕೀನ್ಯಾದ ಮಸಾಯಿ ಮಾರಾಕ್ಕೆ ಹೋಗುವವರಲ್ಲಿ ಹೆಚ್ಚಿನವರ ಕಣ್ಣು ಸಿಂಹ, ಚಿರತೆ, ಚೀತಾಗಳ ಮೇಲಿರುತ್ತದೆ. ನಾನು ಹೋದದ್ದು ಹಕ್ಕಿಗಳಿಗಾಗಿ. ಸುಮಾರು 1,500 ಚದರ ಕಿಲೋಮೀಟರಿನ ಆ ಹುಲ್ಲುಗಾವಲಿನಲ್ಲಿ 450ಕ್ಕೂ ಹೆಚ್ಚು ಪ್ರಭೇದಗಳ ಹಕ್ಕಿಗಳಿವೆ. ಇಡೀ ದೇಶದ ಲೆಕ್ಕ ಸಾವಿರವನ್ನು ದಾಟುತ್ತದೆ. ರಂಗನತಿಟ್ಟು, ಕಬಿನಿಗಳಲ್ಲಿ ಪಳಗಿದ ಕಣ್ಣಿಗೆ ಅಲ್ಲಿ ಹಕ್ಕಿಯನ್ನು ಕಾಣುವುದು ಕಷ್ಟವಲ್ಲ, ಒಂದೇ ಬಗೆಯಾಗಿ ಕಾಣುವ ನಾಲ್ಕೈದು ಪ್ರಭೇದಗಳಲ್ಲಿ ಎದುರಿಗಿರುವುದು ಯಾವುದೆಂದು ಹೇಳುವುದು ಕಷ್ಟ. ಆದ್ದರಿಂದ ಹೊಸ ಹಕ್ಕಿ ಕಂಡಾಗ ಮೊದಲ ಕೆಲವು ಚಿತ್ರಗಳು ಗುರುತಿಗೆ, ಅದು ಕೂತೇ ಇದ್ದರೆ ಮುಂದಿನವು ಅಂದಕ್ಕೆ ಎಂಬ ಕ್ರಮವನ್ನು ಇಟ್ಟುಕೊಂಡು ಕೆಲಸ ಮಾಡಿದೆ. ಬೆಳಕು, ಹಿನ್ನೆಲೆ, ಭಂಗಿ ಎಲ್ಲವೂ ಕೂಡಿ ಬರಲೆಂದು ಕಾಯುತ್ತಾ ಕೂತರೆ ಹಕ್ಕಿ ಹಾರಿಹೋಗುತ್ತದೆ, ಹೆಸರೂ ಅದರೊಂದಿಗೇ ಹೋಗುತ್ತದೆ.

ನಾನು ಆರಿಸಿಕೊಂಡದ್ದು ನವೆಂಬರ್. ಲಕ್ಷಗಟ್ಟಲೆ ವಿಲ್ಡಬೀಸ್ಟ್‌ಗಳು ನದಿ ದಾಟುವ ಜುಲೈನಿಂದ ಅಕ್ಟೋಬರ್‌ವರೆಗಿನ ಕಾಲದಲ್ಲಿ ವಾಹನಗಳ ಸಂದಣಿ ವಿಪರೀತ. ಆ ಸಂದಣಿ ಕರಗುವ ಹೊತ್ತಿಗೆ ಯುರೋಪ್ ಮತ್ತು ಏಷ್ಯಾದ ವಲಸೆ ಹಕ್ಕಿಗಳು ಬಂದಿಳಿದಿರುತ್ತವೆ, ಸಣ್ಣ ಮಳೆಗಾಲವೂ ಶುರುವಾಗಿ ಹುಲ್ಲು ಹಸಿರಾಗಿರುತ್ತದೆ. ವಾಹನವನ್ನು ಹಕ್ಕಿ ನೋಡುವವರೊಂದಿಗೆ ಮಾತ್ರ ಹಂಚಿಕೊಳ್ಳಬೇಕು. ಸಿಂಹಕ್ಕಾಗಿ ಬಂದವರ ನಡುವೆ ಕೂತು ಒಂದು ಕಂದು ಬಣ್ಣದ ಬಾನಾಡಿಗಾಗಿ ಗಾಡಿ ನಿಲ್ಲಿಸಿ ಎನ್ನುವುದು ಸ್ನೇಹಕ್ಕೆ ಒಳ್ಳೆಯದಲ್ಲ. ಮಾರ್ಗದರ್ಶಕರ ವಿಷಯದಲ್ಲೂ ಮೊದಲೇ ವಿಚಾರಿಸಿದ್ದೆ. ಕೀನ್ಯಾದ ವೃತ್ತಿಪರ ಸಫಾರಿ ಮಾರ್ಗದರ್ಶಕರ ಸಂಘವು ಪರೀಕ್ಷೆ ನಡೆಸಿ ಕಂಚು, ಬೆಳ್ಳಿ, ಚಿನ್ನ ಎಂಬ ಮೂರು ದರ್ಜೆಗಳನ್ನು ಕೊಡುತ್ತದೆ. ಬೆಳ್ಳಿ ದರ್ಜೆಯ, ಹಕ್ಕಿಗಳಲ್ಲಿ ಆಸಕ್ತಿಯಿರುವವರೇ ಬೇಕೆಂದು ಕೇಳಿ ಪಡೆದೆ.

ನೈರೋಬಿಯ ವಿಲ್ಸನ್ ನಿಲ್ದಾಣದಿಂದ ಮಾರಾಕ್ಕೆ ಹಾರುವ ಸಣ್ಣ ವಿಮಾನಗಳಲ್ಲಿ ಕೈಚೀಲವೂ ಸೇರಿ 15 ಕಿಲೋ ಮಾತ್ರ ಒಯ್ಯಬಹುದು, ಅದೂ ಮೆತ್ತನೆಯ ಚೀಲದಲ್ಲಿ. ಹೀಗಾಗಿ ಜೂಮ್ ಆಗದ ದೊಡ್ಡ ಪ್ರೈಮ್ ಲೆನ್ಸಿನ ಆಸೆ ಬಿಟ್ಟು 200-600 ಮಿಲಿಮೀಟರ್ ಜೂಮ್ ಒಂದನ್ನೇ ಒಯ್ದೆ. ಲೆನ್ಸನ್ನು ಅಲುಗದಂತೆ ಊರುವ ಬೀನ್ ಬ್ಯಾಗನ್ನು ಖಾಲಿಯಾಗಿ ಮಡಿಸಿಟ್ಟುಕೊಂಡು ಹೋಗಿ, ಶಿಬಿರದ ಅಡುಗೆಮನೆಯಲ್ಲಿ ಕೇಳಿ ಅಕ್ಕಿ ತುಂಬಿಸಿಕೊಂಡೆ. ಕ್ಯಾಮೆರಾಕ್ಕೆ ಧೂಳು ತಾಗದಿರಲೆಂದು ಇಲ್ಲಿಂದ ಪ್ಲಾಸ್ಟಿಕ್ ಚೀಲಗಳನ್ನು ಒಯ್ಯುವಂತಿಲ್ಲ, ಕೀನ್ಯಾ 2017ರಲ್ಲೇ ಅವನ್ನು ನಿಷೇಧಿಸಿದೆ. ಹಳೆಯ ಹತ್ತಿಯ ಪಂಚೆಯ ತುಂಡು ಆ ಕೆಲಸಕ್ಕೆ ಸಾಕಾಯಿತು. ಇನ್ನೊಂದು ಸಣ್ಣ ಕೆಲಸವನ್ನು ವಿಮಾನದಲ್ಲೇ ಮುಗಿಸಿದ್ದೆ. ಕೀನ್ಯಾದ ಸಮಯ ನಮ್ಮದಕ್ಕಿಂತ ಎರಡೂವರೆ ಗಂಟೆ ಹಿಂದಿದೆ, ಅದಕ್ಕೆ ಕ್ಯಾಮೆರಾದ ಗಡಿಯಾರವನ್ನು ಹೊಂದಿಸದಿದ್ದರೆ ಸಂಜೆ ಟಿಪ್ಪಣಿಗಳನ್ನು ಚಿತ್ರಗಳೊಂದಿಗೆ ಜೋಡಿಸುವಾಗ ಗೋಜಲಾಗುತ್ತದೆ.

ಮಾರಾ ಭೂಮಧ್ಯರೇಖೆಗೆ ತೀರ ಹತ್ತಿರದಲ್ಲಿರುವುದರಿಂದ ಸೂರ್ಯ ಬಹುಮಟ್ಟಿಗೆ ನೇರವಾಗಿ ಮೇಲೇರುತ್ತಾನೆ. ಆರೂವರೆಯ ಸುಮಾರಿಗೆ ಮೂಡುವ ಹೊಂಬೆಳಕು ಒಂಬತ್ತಕ್ಕೆಲ್ಲ ಬಿಳಿಚಿಕೊಳ್ಳುತ್ತದೆ, ಆಮೇಲೆ ನೆಲದಿಂದೇಳುವ ಬಿಸಿಗಾಳಿ ದೂರದ ಹಕ್ಕಿಯ ಗರಿಗಳನ್ನೆಲ್ಲ ಕಲಸಿಬಿಡುತ್ತದೆ. ಇದಕ್ಕೆ ಯಾವ ಲೆನ್ಸೂ ಮದ್ದಲ್ಲ. ರಸ್ತೆ ಬಿಟ್ಟು ಗಾಡಿ ಓಡಿಸುವುದಕ್ಕೂ ಅನುಮತಿಯಿಲ್ಲವಾದ್ದರಿಂದ ಬಿಸಿಲೇರಿದ ಮೇಲೆ ದಾರಿಯ ಪಕ್ಕದ ಹಕ್ಕಿಗಳಿಗಷ್ಟೇ ಕ್ಯಾಮೆರಾ ಎತ್ತುತ್ತಿದ್ದೆ. ಎಂಜಿನ್ ಆರಿಸದೆ ಒಂದು ಚಿತ್ರವನ್ನೂ ತೆಗೆಯಲಿಲ್ಲ. ಕೂತ ಹಕ್ಕಿಗೆ ಶಟರ್ ವೇಗ 1/800, ಹಾರುವುದಕ್ಕೆ 1/2500 ಸೆಕೆಂಡ್. ಆಕಾಶದೆದುರಿನ ಹದ್ದಿಗೆ ಎಕ್ಸ್‌ಪೋಶರ್, ಅಂದರೆ ಒಳಬಿಡುವ ಬೆಳಕು, ಒಂದು ಸ್ಟಾಪ್ ಹೆಚ್ಚು, ಬಿಸಿಲಿನಲ್ಲಿ ನಿಂತ ಬೆಳ್ಳಕ್ಕಿಗೆ ಅರ್ಧದಿಂದ ಮುಕ್ಕಾಲು ಸ್ಟಾಪ್ ಕಡಿಮೆ. ತೆರೆದ ಛಾವಣಿಯಿಂದ ನಿಂತು ತೆಗೆಯುವುದು ಸುಲಭವಾದರೂ ನೆಲದ ಹಕ್ಕಿಗಳು ಅಲ್ಲಿಂದ ತುಳಿದಂತೆ ಚಪ್ಪಟೆಯಾಗಿ ಕಾಣುತ್ತವೆ. ನಾನು ಕಿಟಕಿಯ ಮೇಲೆ ಅಕ್ಕಿಚೀಲವಿಟ್ಟು ಕೆಳಗಿನಿಂದಲೇ ತೆಗೆಯುತ್ತಿದ್ದೆ.

ಗುರುತಿಗೆ ಯಾವ ಚಿತ್ರಗಳು ಬೇಕೆಂಬುದು ಹಕ್ಕಿಯಿಂದ ಹಕ್ಕಿಗೆ ಬದಲಾಗುತ್ತದೆ. ನಮ್ಮ ಗೊರವಂಕದ ಕುಟುಂಬಕ್ಕೇ ಸೇರಿದ ಎರಡು ಸ್ಟಾರ್ಲಿಂಗ್‌ಗಳು ಅಲ್ಲಿ ಒಂದೇ ಮರದಡಿ ಓಡಾಡುತ್ತವೆ, ಎರಡಕ್ಕೂ ಹೊಳೆಯುವ ನೀಲಿ ಬೆನ್ನು, ಕೇಸರಿ ಹೊಟ್ಟೆ. ಎದೆಗೆ ಅಡ್ಡಲಾಗಿ ಬಿಳಿ ಪಟ್ಟಿಯೂ ಬಿಳಿಚಿದ ಕಣ್ಣೂ ಇದ್ದರೆ ಅದು ಸೂಪರ್ಬ್ ಸ್ಟಾರ್ಲಿಂಗ್, ಪಟ್ಟಿಯಿಲ್ಲದೆ ಕಣ್ಣು ಕೆಂಪಗಿದ್ದರೆ ಹಿಲ್ಡೆಬ್ರಾಂಟ್ಸ್. ಎಮ್ಮೆಯ ಬೆನ್ನಿನ ಮೇಲಿನ ಆಕ್ಸ್‌ಪೆಕರ್‌ಗಳಲ್ಲಿ ಕೊಕ್ಕಿನ ಬುಡವನ್ನೂ ಕಣ್ಣಿನ ಸುತ್ತನ್ನೂ ನೋಡಬೇಕು: ಇಡೀ ಕೊಕ್ಕು ಕೆಂಪಾಗಿ ಕಣ್ಣಿನ ಸುತ್ತ ಹಳದಿ ಉಂಗುರವಿರುವುದು ಒಂದು, ಹಳದಿ ಕೊಕ್ಕಿಗೆ ತುದಿಯಷ್ಟೇ ಕೆಂಪಾಗಿರುವುದು ಇನ್ನೊಂದು. ಇವುಗಳಿಗೆ ತಲೆಯ ಸ್ಪಷ್ಟ ಚಿತ್ರ ಒಂದಿದ್ದರೆ ಸಾಕು.

ನೀಲಕಂಠಗಳಿಗೆ ಅಷ್ಟು ಸಾಲದು. ನೇರಳೆ ಎದೆಯ ನೀಲಕಂಠಕ್ಕೆ ಬಾಲದ ಎರಡೂ ಬದಿಯಿಂದ ಉದ್ದನೆಯ ಎಳೆಗಳು ಇಳಿದಿರುತ್ತವೆ, ಆದರೆ ಮರಿಗಳಿಗೆ ಅವು ಇರುವುದಿಲ್ಲ, ಎದೆಯೂ ಮಾಸಲು. ನವೆಂಬರಿನಲ್ಲಿ ಯುರೋಪಿನ ನೀಲಕಂಠವೂ ಬಂದಿರುವುದರಿಂದ, ಎಳೆಯಿಲ್ಲವೆಂಬ ಒಂದೇ ಕಾರಣಕ್ಕೆ ಹೆಸರು ಕೊಡಲಾಗದು. ಮುಂಭಾಗದಿಂದ ಒಂದು, ಬೆನ್ನಿನಿಂದ ಒಂದು ಚಿತ್ರವಿದ್ದರೆ ಯುರೋಪಿನದರ ಅಚ್ಚ ನೀಲಿ ತಲೆ-ಎದೆ ಮತ್ತು ಕಂದು ಬೆನ್ನು ಅನುಮಾನಕ್ಕೆ ಎಡೆಗೊಡುವುದಿಲ್ಲ. ಗುರುತು ಮುಗಿದ ಮೇಲೆ ಅಂದದ ಚಿತ್ರಕ್ಕೂ ಇದಕ್ಕಿಂತ ಅನುಕೂಲದ ಹಕ್ಕಿಯಿಲ್ಲ, ಏಕೆಂದರೆ ನೆಲಕ್ಕಿಳಿದು ಹುಳ ಹಿಡಿದು ಅದೇ ಕೊಂಬೆಗೆ ಮರಳುವುದು ನೀಲಕಂಠದ ರೂಢಿ. ಕೊಂಬೆಯ ಪಕ್ಕದಲ್ಲಿ ಚೌಕಟ್ಟು ಕಟ್ಟಿಕೊಂಡು ಕಾದರೆ ರೆಕ್ಕೆ ಬಿಚ್ಚಿ ಬರುವ ಕ್ಷಣ ಸಿಗುತ್ತದೆ.

ನಾನು ಅತಿ ಹೆಚ್ಚು ಹೊತ್ತು ಕಳೆದದ್ದು ರಣಹದ್ದುಗಳ ಜೊತೆ. ರಾಮನಗರದ ರಾಮದೇವರ ಬೆಟ್ಟದಲ್ಲಿ ಉದ್ದಕೊಕ್ಕಿನ ರಣಹದ್ದೊಂದು ಕಂಡರೆ ಸಂಭ್ರಮಿಸುವ ನಮಗೆ, ಒಂದೇ ಕಳೇಬರದ ಸುತ್ತ ಮೂರ್ನಾಲ್ಕು ಪ್ರಭೇದಗಳು ಕಚ್ಚಾಡುವುದನ್ನು ನೋಡುವುದೇ ಬೇರೆ ಅನುಭವ. ಕೆಂಪು ಬೋಳು ತಲೆ, ದಪ್ಪ ಕೊಕ್ಕಿನ ಲ್ಯಾಪೆಟ್-ಫೇಸ್ಡ್ ಬಂದರೆ ಉಳಿದವು ಜಾಗ ಬಿಡುತ್ತವೆ. ತೆಳು ಕೊಕ್ಕಿನ ಹೂಡೆಡ್ ಅಂಚಿನಲ್ಲಿ ಚೂರುಪಾರು ಹೆಕ್ಕುತ್ತದೆ. ಇವೆರಡರಲ್ಲಿ ಗೊಂದಲವಿಲ್ಲ. ತೊಡಕಿರುವುದು ಬಿಳಿಬೆನ್ನಿನ ರಣಹದ್ದು ಮತ್ತು ರೂಪೆಲ್ಸ್ ರಣಹದ್ದುಗಳ ನಡುವೆ. ಬೆಳೆದ ರೂಪೆಲ್ಸ್‌ನ ಗರಿಗಳಿಗೆ ಬಿಳಿಯಂಚಿದ್ದು ಮೈ ಮೀನಿನ ಹುರುಪೆಯಂತೆ ಕಾಣುತ್ತದೆ, ಕೊಕ್ಕು ದಂತದ ಬಣ್ಣ. ಬಿಳಿಬೆನ್ನಿನದರ ಕೊಕ್ಕು ಕಪ್ಪು. ಎಳೆಯ ರೂಪೆಲ್ಸ್‌ನ ಕೊಕ್ಕೂ ಕಪ್ಪಾಗಿರುವುದರಿಂದ ಕೂತ ಚಿತ್ರವೊಂದರ ಮೇಲೆ ತೀರ್ಪು ಕೊಡದೆ, ಅವು ರೆಕ್ಕೆ ಬಿಚ್ಚುವವರೆಗೆ ಕಾದು ಬೆನ್ನನ್ನೂ ರೆಕ್ಕೆಯ ಅಡಿಯನ್ನೂ ತೆಗೆದುಕೊಳ್ಳುತ್ತಿದ್ದೆ. 1973ರಲ್ಲಿ ಪಶ್ಚಿಮ ಆಫ್ರಿಕಾದ ಆಬಿಜಾನ್ ನಗರದ ಮೇಲೆ ಸುಮಾರು 11,300 ಮೀಟರ್ ಎತ್ತರದಲ್ಲಿ ವಿಮಾನಕ್ಕೆ ಬಡಿದದ್ದು ಈ ರೂಪೆಲ್ಸ್‌ನ ಬಳಗದ್ದೇ ಹಕ್ಕಿ. ಇಷ್ಟೆಲ್ಲ ಕಂಡರೂ ಅವು ಸುರಕ್ಷಿತವೆಂದು ತಿಳಿಯಬಾರದು. ನಮ್ಮಲ್ಲಿ ದನಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ರಣಹದ್ದುಗಳನ್ನು ಮುಗಿಸಿದರೆ, ಅಲ್ಲಿ ಸಿಂಹ, ಕತ್ತೆಕಿರುಬಗಳ ಮೇಲಿನ ಸಿಟ್ಟಿಗೆ ಕಳೇಬರಕ್ಕೆ ಬೆರೆಸುವ ವಿಷ ಅವನ್ನು ಕೊಲ್ಲುತ್ತಿದೆ. ಬಿಳಿಬೆನ್ನು, ರೂಪೆಲ್ಸ್, ಹೂಡೆಡ್ ಮೂರೂ ತೀವ್ರ ಅಪಾಯದ ಪಟ್ಟಿಯಲ್ಲಿವೆ.

ಕಂದು ಹದ್ದುಗಳಿಗೆ ಒಂದು ಸೂಕ್ಷ್ಮ ಗುರುತಿದೆ. ಅಲ್ಲಿಯೇ ನೆಲೆಸಿರುವ ಟಾನಿ ಹದ್ದಿನ ಬಾಯಿಯ ಹಳದಿ ಗೆರೆ ಕಣ್ಣಿನ ನಡುವಿನವರೆಗಷ್ಟೇ ಬರುತ್ತದೆ. ಮಧ್ಯ ಏಷ್ಯಾದಿಂದ ಬರುವ ಸ್ಟೆಪಿ ಹದ್ದಿನಲ್ಲಿ ಅದು ಕಣ್ಣಿನ ಹಿಂದಿನ ಅಂಚನ್ನು ಮುಟ್ಟುತ್ತದೆ. ಇದು ಕಾಣಬೇಕಾದರೆ ಸರಿಯಾಗಿ ಪಕ್ಕದಿಂದಲೇ ತೆಗೆಯಬೇಕು. ತಲೆ ಸ್ವಲ್ಪ ವಾರೆಯಾದರೂ ಅಳತೆ ಕೆಡುತ್ತದೆ.

ಕೋರಿ ಬಸ್ಟರ್ಡನ್ನು ಗುರುತಿಸಲು ಇಷ್ಟೆಲ್ಲ ಕಷ್ಟಪಡಬೇಕಿಲ್ಲ. ನಮ್ಮ ಎರೆಭೂತದ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಹತ್ತಿರದ ನೆಂಟನಾದ ಈ ಭಾರಿ ಹಕ್ಕಿ ಗಾಡಿಯ ಪಕ್ಕದಲ್ಲೇ ಗಂಭೀರವಾಗಿ ನಡೆದುಹೋಗುತ್ತದೆ. ಸಿರುಗುಪ್ಪದ ಕಪ್ಪು ನೆಲದಲ್ಲಿ ಬೆರಳೆಣಿಕೆಯಷ್ಟು ಉಳಿದಿರುವ ಎರೆಭೂತಗಳನ್ನು ನೆನೆದು ನನಗೆ ಹೊಟ್ಟೆಕಿಚ್ಚಾದದ್ದು ನಿಜ.

ಚಿತ್ರದಿಂದ ಬಗೆಹರಿಯದ ಹಕ್ಕಿಗಳೂ ಇವೆ. ಸಿಸ್ಟಿಕೋಲಗಳೆಂಬ ಕಂದು ಗೆರೆಯ ಪುಟ್ಟ ಹಕ್ಕಿಗಳಲ್ಲಿ ಹಲವನ್ನು ಅವುಗಳ ಕೂಗಿನಿಂದಲೇ ಬೇರ್ಪಡಿಸಬೇಕು, ಹಾಗಾಗಿ ಚಿತ್ರದ ಜೊತೆಗೇ ಫೋನಿನಲ್ಲಿ ಧ್ವನಿಯನ್ನೂ ಮುದ್ರಿಸಿಕೊಂಡೆ. ಧ್ವನಿ ಕೇಳಿಸಿ ಹಕ್ಕಿಯನ್ನು ಹತ್ತಿರ ಕರೆಯುವ ಉಪಾಯವನ್ನು ಮಾತ್ರ ಬಳಸಲಿಲ್ಲ. ಗೂಡಿನ ಕಾಲದಲ್ಲಿ ಅದು ಹಕ್ಕಿಗೆ ಕೊಡುವ ಕಿರುಕುಳ.

ಸಂಜೆ ಶಿಬಿರದಲ್ಲಿ ಅದೇ ದಿನದ ಚಿತ್ರಗಳಿಗೆ ಹೆಸರು ಹಚ್ಚುತ್ತಿದ್ದೆ. ಕಾರ್ನೆಲ್ ಪಕ್ಷಿ ಪ್ರಯೋಗಾಲಯದ ಮರ್ಲಿನ್ ಆ್ಯಪ್‌ನಲ್ಲಿ ಕೀನ್ಯಾದ ಹಕ್ಕಿಗಳ ಕಡತವನ್ನು ಬೆಂಗಳೂರಿನಲ್ಲೇ ಇಳಿಸಿಕೊಂಡಿದ್ದರಿಂದ ಇಂಟರ್ನೆಟ್ ಇಲ್ಲದೆಯೂ ಕೆಲಸ ನಡೆಯಿತು. ಆದರೆ ಆ್ಯಪ್ ಕೊಡುವುದು ಸಲಹೆ ಮಾತ್ರ. ಮೊದಲು ನನ್ನ ಊಹೆಯನ್ನು ಬರೆದು, ಆಮೇಲೆ ಆ್ಯಪ್ ನೋಡಿ, ಎರಡೂ ಹೊಂದದಿದ್ದರೆ ಮಾರ್ಗದರ್ಶಕರನ್ನು ಕೇಳುತ್ತಿದ್ದೆ. ಮೂರೂ ಕಡೆ ಒಪ್ಪಿಗೆ ಸಿಗದವನ್ನು ಪ್ರಭೇದದ ಹೆಸರಿಲ್ಲದೆ, ಸಿಸ್ಟಿಕೋಲ ಅಥವಾ ಎಳೆಯ ರಣಹದ್ದು ಎಂದಷ್ಟೇ ಹಕ್ಕಿ ನೋಡುವವರು ತಮ್ಮ ದಾಖಲೆಗಳನ್ನು ಹಾಕುವ ಇ-ಬರ್ಡ್ ಜಾಲತಾಣಕ್ಕೆ ಸೇರಿಸಿದ್ದೇನೆ. ಚಿತ್ರ, ಧ್ವನಿ, ಸಮಯ, ಸ್ಥಳ ಎಲ್ಲವೂ ಅಲ್ಲಿರುವುದರಿಂದ ಬಲ್ಲವರು ಯಾರಾದರೂ ನೋಡಿ ಹೆಸರು ಸೂಚಿಸಬಹುದು. ಅಂಥ ಎರಡು ಹೆಸರುಗಳು ಊರಿಗೆ ಮರಳಿದ ಮೇಲೆ ಹಾಗೆಯೇ ಸಿಕ್ಕಿವೆ.