38ರಿಂದ 34ಕ್ಕೆ: ಬ್ರಾ ಅಳತೆಯಲ್ಲಿ ನಾನು ಪಟ್ಟ ಪಾಡು

ಹೊಸ ಬ್ಲೌಸ್ ಹಾಕಿಕೊಂಡು ಬಂದು "ಅಕ್ಕಾರೆ, ಎದೆ ಹತ್ರ ಸರಿ ಕುಂತಿಲ್ಲ ನೋಡ್ರಿ" ಅನ್ನುವ ಮಾತು ಕೇಳಿ ಕೇಳಿ ಸಾಕಾಗಿತ್ತು. ದಾವಣಗೆರೆಯಲ್ಲಿ ಹದಿನೆಂಟು ವರ್ಷದಿಂದ ಬ್ಲೌಸ್ ಹೊಲಿಯುತ್ತಿದ್ದೇನೆ. ಟಕ್ಸ್ (ಎದೆ ಹತ್ರ ಹಿಡಿಯುವ ಮಡಿಕೆ) ಬಿಚ್ಚಿ ಮತ್ತೆ ಹಿಡಿದಿದ್ದೇನೆ, ಕಟೋರಿ (ಎದೆಯ ಬಟ್ಟಲಿನಾಕಾರದ ತುಂಡು) ಅರ್ಧ ಇಂಚು ಮೇಲೆ ಕೆಳಗೆ ಮಾಡಿದ್ದೇನೆ, ಎಷ್ಟೋ ಸಲ ಬಿಟ್ಟಿಯಾಗಿ ಆಲ್ಟರ್ ಮಾಡಿಕೊಟ್ಟಿದ್ದೇನೆ. ತಪ್ಪು ಒಳಗಿನ ಬ್ರಾದ್ದು ಅಂತ ತಿಳಿಯೋಕೆ ಇಷ್ಟು ವರ್ಷ ಬೇಕಾಯ್ತು. ಅದೂ ತಿಳಿದದ್ದು ನನ್ನ ಮೈಮೇಲೆ.

ಎರಡನೇ ಮಗು ಆದಾಗಿನಿಂದ ನಾನು 38ಬಿ (ನಂಬರ್ ಎದೆ ಕೆಳಗೆ ಸುತ್ತುವ ಪಟ್ಟಿ ಅಂದರೆ ಬ್ಯಾಂಡಿನದು, ಅಕ್ಷರ ಕಪ್ಪಿನದು) ಹಾಕುತ್ತಿದ್ದೆ. ಯಾರು ಅಳೆದು ಹೇಳಿದ್ದು? ಯಾರೂ ಇಲ್ಲ. ಕೌಂಟರಿನ ಹುಡುಗ ಒಂದು ಸಲ ನನ್ನ ಕಡೆ ನೋಡಿ, ಮುಖ ತಿರುಗಿಸಿ, ಡಬ್ಬ ಇಳಿಸಿದ. ನಾನೂ ಬಿಡಿಸಿ ನೋಡದೆ ಕವರಿಗೆ ಹಾಕಿಸಿಕೊಂಡು ಬಂದೆ. ಊರವರ ಅಳತೆ ಎಲ್ಲಾ ತೆಗೆಯುವವಳು, ನನ್ನದನ್ನು ಮಾತ್ರ ತೆಗೆದಿರಲಿಲ್ಲ! ಹೆಗಲ ಮೇಲೆ ಬೆರಳು ಇಡುವಷ್ಟು ಗುಳಿ. ಬ್ಯಾಂಡ್ ಬೆನ್ನ ಮೇಲೆ ಹತ್ತಿ ಕೂತಿರುತ್ತಿತ್ತು. ಏಪ್ರಿಲ್ ಬಂತೆಂದರೆ ಎದೆ ಕೆಳಗೆ ಬೆವರಿ ಕೆಂಪು ಗುಳ್ಳೆ, ತುರಿಕೆ. ಪೌಡರ್ ಆಯ್ತು, ಕೊಬ್ಬರಿ ಎಣ್ಣೆ ಆಯ್ತು. ಸ್ಟ್ರಾಪ್ ಬಿಗಿ ಮಾಡಿದಷ್ಟೂ ಹಿಂದೆ ಬ್ಯಾಂಡ್ ಇನ್ನೂ ಮೇಲೆ ಹತ್ತುತ್ತಿತ್ತು.

ಒಂದು ದಿನ ಸೀರೆ ಉಡುವಾಗ ಹೊಳೆಯಿತು. ಅಷ್ಟುದ್ದ ಸೀರೆಯ ಭಾರ ಹೊರುವುದು ಹೆಗಲ ಪಿನ್ನಾ, ಲಂಗದ ಲಾಡಿಯಾ? ಲಾಡಿ ಸಡಿಲ ಇದ್ದರೆ ಹತ್ತು ಪಿನ್ ಚುಚ್ಚಿದರೂ ಸೀರೆ ಇಳಿಯುತ್ತದೆ. ಬ್ರಾದಲ್ಲಿ ಲಾಡಿಯ ಕೆಲಸ ಬ್ಯಾಂಡಿನದ್ದು. ನನ್ನದು ಸುಮ್ನೆ ಹೆಗಲಿಗೆ ನೇತುಬಿದ್ದಿತ್ತು.

ಅವತ್ತೇ ಟೇಪ್ ಹಿಡಿದೆ. ಎದೆ ಕೆಳಗೆ ಮೈಗೆ ಹತ್ತಿಸಿ ಹಿಡಿದರೆ 33ರ ಆಸುಪಾಸು. ಹಳೇ ಲೆಕ್ಕ ಗೊತ್ತಲ್ವಾ, ಅದಕ್ಕೆ ಐದು ಕೂಡಿಸು ಅನ್ನುವುದು? 33ಕ್ಕೆ ಐದು ಕೂಡಿಸಿದರೆ 38. ಅಲ್ಲೇ ಇತ್ತು ಎಡವಟ್ಟು. ಬ್ಲೌಸಿಗೆ ನಾವು ಲೂಸ್ ಕೂಡಿಸುತ್ತೇವೆ, ಯಾಕಂದ್ರೆ ರುಬಿಯಾ ಬಟ್ಟೆ ಹಿಗ್ಗುವುದಿಲ್ಲ. ಬ್ರಾ ಬ್ಯಾಂಡ್ ಎಲಾಸ್ಟಿಕ್, ಹಾಕಿದ ತಕ್ಷಣ ಎರಡು ಮೂರು ಇಂಚು ಹಿಗ್ಗುತ್ತದೆ. ಅದರ ಮೇಲೆ ನಾವೂ ಐದು ಕೊಟ್ಟರೆ ಹಿಡಿದು ನಿಲ್ಲುವುದು ಯಾವುದು?

ಇನ್ನೇನು, ಗೊತ್ತಾಯ್ತಲ್ಲ ಅಂತ ಜಂಬದಿಂದ ಹೊರಟೆ. ದುಡ್ಡು ಹೋಗಿದ್ದು ಇಲ್ಲಿಂದ ಮುಂದೆ. ಮೊದಲು 36ಸಿ ತಂದೆ, ನಾನೂರೈವತ್ತೋ ಏನೋ. ಹಿಂದೆ ಸ್ವಲ್ಪ ಪರವಾಗಿಲ್ಲ, ಮುಂದೆ ಅದೇ ರಗಳೆ. ಆಮೇಲೆ 34ಸಿ. ಅದನ್ನು ಹಾಕಿಕೊಂಡರೆ ಎರಡರ ಜಾಗದಲ್ಲಿ ನಾಲ್ಕು ಇದ್ದಂತೆ, ಕಪ್ಪಿನ ಅಂಚಿನ ಮೇಲೆ ಉಬ್ಬು. ಮೂರನೆಯದು ವೈರ್ ಇರುವ 34ಡಿ, ಒಂಬೈನೂರು ರೂಪಾಯಿ. ವೈರ್ ಕಂಕುಳ ಹತ್ತಿರ ಎದೆಯ ಮೇಲೇ ಕೂತು ಒತ್ತಿತು. ಇಡೀ ದಿನ ಹಾಕಿ ರಾತ್ರಿ ಬಿಚ್ಚಿದರೆ ಕುಡುಗೋಲಿನ ಆಕಾರದಲ್ಲಿ ಗೀರು. ಒಳಉಡುಪು ವಾಪಸ್ ಇಲ್ಲ ಅಂತ ಅಂಗಡಿಯವರು ಗೋಡೆಗೇ ಬರೆದು ಅಂಟಿಸಿರುತ್ತಾರೆ. ಎರಡು ಮೂರು ಆನ್‌ಲೈನ್ ತರಿಸಿದ್ದೂ ಸೇರಿ ನಾಲ್ಕು ಸಾವಿರ ನೀರಿಗೆ ಹೋಯ್ತು. ನಮ್ಮೆಜಮಾನರಿಗೆ ಎರಡು ಸಾವಿರ ಅಂತ ಹೇಳಿದ್ದೇನೆ.

ಬುದ್ಧಿ ಬಂದದ್ದು ಹಳೇದನ್ನೂ ಸೇರಿಸಿ ಎಲ್ಲವನ್ನೂ ಕಟಿಂಗ್ ಟೇಬಲ್ ಮೇಲೆ ಹರಡಿ ಅಳೆದಾಗ. 38ಬಿ, 36ಸಿ, 34ಡಿ ಮೂರರ ಕಪ್ಪೂ ಹೆಚ್ಚುಕಡಿಮೆ ಒಂದೇ ಅಳತೆ! ಬ್ಯಾಂಡ್ ಒಂದು ನಂಬರ್ ಇಳಿದರೆ ಅಕ್ಷರ ಒಂದು ಮೇಲೆ ಹೋಗುತ್ತದೆ, ಕಪ್ ಮಾತ್ರ ಇದ್ದಷ್ಟೇ. ಅಂದರೆ ನಾನು ಅಷ್ಟು ದುಡ್ಡು ಸುರಿದು ಅದೇ ಚಿಕ್ಕ ಕಪ್ಪನ್ನೇ ಮತ್ತೆ ಮತ್ತೆ ತಂದಿದ್ದೆ. 'ಡಿ' ಅಂದರೆ ದೊಡ್ಡದು ಅಂತ ನಮ್ಮ ತಲೆಯಲ್ಲಿ ಕೂತುಬಿಟ್ಟಿದೆ. ಯಾವ ಬ್ಯಾಂಡಿನ ಡಿ ಅಂತ ಯಾರೂ ಕೇಳುವುದಿಲ್ಲ.

ಎದೆ ಸುತ್ತಳತೆಯನ್ನು ನಾವು ನಿಂತೇ ತೆಗೆಯುತ್ತೇವೆ. ಬ್ಲೌಸಿಗೆ ಅದು ಸಾಕು. ಮಕ್ಕಳಿಗೆ ಹಾಲು ಕುಡಿಸಿ ಜೋತಿರುವ ಎದೆಗೆ ಅದು ಸಾಲದು. ನಿಂತರೆ 38, ಕಸ ಗುಡಿಸುವಾಗಿನ ಹಾಗೆ ಬಗ್ಗಿ ತೆಗೆದರೆ 40 ಬಂತು. ನಡುವಿನ 39 ಇಟ್ಟುಕೊಂಡೆ. 33 ಬೆಸಸಂಖ್ಯೆ, ಅದಕ್ಕೆ ಬ್ಯಾಂಡ್ 34. 39ಕ್ಕೂ 34ಕ್ಕೂ ವ್ಯತ್ಯಾಸ ಐದು ಇಂಚು. ಇಂಚಿಗೊಂದು ಅಕ್ಷರ: ಎ, ಬಿ, ಸಿ, ಡಿ, ಡಿಡಿ. ಕೆಲವು ಕಂಪನಿಯವರು ಡಿಡಿ ಅನ್ನುವುದನ್ನೇ ಇ ಅಂತ ಬರೆಯುತ್ತಾರೆ, ನೋಡಿಕೊಂಡು ತರಿಸಿ.

34ಡಿಡಿ ಅಂದಾಗ ನಮ್ಮ ಹೊಲಿಗೆ ಕ್ಲಾಸಿನ ಗೆಳತಿ ಬಿದ್ದು ಬಿದ್ದು ನಕ್ಕಳು. "ನೀನೇನು ಸಿನಿಮಾ ಹೀರೋಯಿನ್ನಾ?" ಅಂದಳು. ನಮ್ಮತ್ತೆ ಈಗಲೂ ಬ್ರಾಗೆ 'ಬಾಡಿ' ಅನ್ನುವವರು. "ಬಾಡಿ ಅಷ್ಟು ಬಿಗಿ ಹಾಕ್ಬಾರ್ದವ್ವಾ, ಎದೆಗೆ ಗಂಟಾಗ್ತತಿ" ಅಂತ ಅವರ ಭಯ. ಮಗಳು ಹುಡುಕಿ ಓದಿ ಹೇಳಿದಳು: 2014ರಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ಮುಟ್ಟು ನಿಂತ ಸಾವಿರದೈನೂರು ಹೆಂಗಸರನ್ನು ಕೇಳಿ ನೋಡಿದ್ದಾರೆ, ಬ್ರಾಗೂ ಸ್ತನ ಕ್ಯಾನ್ಸರಿಗೂ ನಂಟು ಸಿಕ್ಕಿಲ್ಲ. ಅತ್ತೆ ಒಪ್ಪಲಿಲ್ಲ. ಬಿಡಿ.

34ಡಿಡಿ ಬಂದ ದಿನ ಕೋಣೆ ಬಾಗಿಲು ಹಾಕಿಕೊಂಡು ಹಾಕಿ ನೋಡಿದೆ. ಬ್ಯಾಂಡ್ ಸಾಲದೇನೋ ಅಂತ ಎದೆ ಧಸಕ್ ಅಂದಿತು. ಹೊಸದನ್ನು ಹೊರಗಿನ ಕೊನೆಯ ಹುಕ್ಕಿಗೇ ಹಾಕಬೇಕು, ಸಡಿಲವಾದಂತೆ ಒಳಗಿನ ಸಾಲಿಗೆ ಬರಬೇಕು. ಬಗ್ಗಿ, ಕೈಯನ್ನು ಕಂಕುಳ ಕಡೆಯಿಂದ ಕಪ್ಪಿನೊಳಗೆ ಹಾಕಿ, ಅಲ್ಲಿ ಸರಿದು ಕೂತದ್ದನ್ನೆಲ್ಲ ಮುಂದಕ್ಕೆ ತಂದೆ. ಇದನ್ನು ಮಾಡದೆ ಯಾವ ಸೈಜೂ ಸರಿ ಅನ್ನಿಸಲ್ಲ. ನೆಟ್ಟಗೆ ನಿಂತೆ. ಎರಡು ಕಪ್ಪಿನ ನಡುವಿನ ತುಂಡು ಎದೆಮೂಳೆಗೆ ತಾಗಿ ಕೂತಿತ್ತು. ಎರಡೂ ಸ್ಟ್ರಾಪ್ ಹೆಗಲಿನಿಂದ ಜಾರಿಸಿ ಎರಡು ಹೆಜ್ಜೆ ನಡೆದೆ. ಬ್ಯಾಂಡ್ ಅಲ್ಲಾಡಲಿಲ್ಲ.

ಎಡಗಡೆ ನನಗೆ ಸ್ವಲ್ಪ ದೊಡ್ಡದು. ನಿಮ್ಮಲ್ಲೂ ಬಹಳ ಜನಕ್ಕೆ ಒಂದು ಕಡೆ ಹಾಗೇ ಇರುತ್ತದೆ, ನೋಡಿಕೊಳ್ಳಿ. ದೊಡ್ಡದಕ್ಕೆ ಸೈಜ್ ತಗೊಳ್ಳಬೇಕು. ಚಿಕ್ಕ ಕಡೆಯ ಕಪ್ ಸುಕ್ಕು ಬೀಳದಂತೆ ಒಳಗೆ ನಾನೊಂದು ಸಣ್ಣ ಹೊಲಿಗೆ ಹಾಕುತ್ತೇನೆ. ಎಲ್ಲಿ, ಹೇಗೆ ಅಂತ ಕೇಳಬೇಡಿ. ಅದರಿಂದ ನನಗೆ ನಾಲ್ಕು ಗಿರಾಕಿ ಜಾಸ್ತಿ ಬರುತ್ತಿದ್ದಾರೆ.

ದಂಡ ಆದ ಬ್ರಾಗಳನ್ನು ಎಸೆಯೋಕೆ ಮನಸ್ಸಾಗಲಿಲ್ಲ. 38ರ ಬ್ಯಾಂಡನ್ನು ಹಿಂದೆ ಎರಡೆರಡು ಇಂಚು ಹಿಡಿದು ಹೊಲಿದೆ. ಕಪ್ಪುಗಳು ಕಂಕುಳ ಕಡೆಗೆ ಎಳೆದುಕೊಂಡು ಹೋದವು, ಎದೆ ಪೂರ್ವ ಪಶ್ಚಿಮ ಆಯ್ತು. ಒಂದು ಬದಿಗೆ ಮುಕ್ಕಾಲು ಇಂಚಿನವರೆಗೆ ನಡೆಯುತ್ತದೆ, ಅದಕ್ಕಿಂತ ಮೇಲೆ ಕೈ ಹಾಕಬೇಡಿ. 34ಡಿ ನಾದಿನಿಗೆ ಹೋಯ್ತು. ಅವಳು 36 ಹಾಕುತ್ತಿದ್ದವಳು, ಈಗ ಅದನ್ನು ಬಿಟ್ಟು ಬೇರೆ ಮುಟ್ಟಲ್ಲ. ಆಮೇಲೆ ಪೂರಾ ಕಾಟನ್ನಿನದು ನಾನೇ ಹೊಲಿಯೋಣ ಅಂತ ಕಟೋರಿ ಪ್ಯಾಟರ್ನ್ ಇಟ್ಟುಕೊಂಡು ಕೂತೆ. ಬೆಂಗಳೂರಿಗೆ ಹೋದವರ ಕೈಯಲ್ಲಿ ಮಾಮೂಲ್‌ಪೇಟೆಯಿಂದ ಎಲಾಸ್ಟಿಕ್, ಹುಕ್ಕಿನ ಪಟ್ಟಿ ತರಿಸಿದೆ. ಮೂರು ಹೊಲಿದೆ, ಮೂರೂ ಮೂಲೆ ಸೇರಿದವು. ಕಟೋರಿ ಬ್ಲೌಸಿನಲ್ಲಿ ಬಟ್ಟೆ ಎದೆಯ ಮೇಲೆ ಕೂರುತ್ತದೆ, ಇಲ್ಲಿ ಎದೆಯನ್ನು ಎತ್ತಿ ಹಿಡಿಯಬೇಕು. ಎರಡೂ ಬೇರೆ ಲೆಕ್ಕ.

ಈಗ ಬ್ಲೌಸ್ ಅಳತೆಗೆ ಬಂದವರಿಗೆ ಮೊದಲು ಬೆನ್ನು ತಿರುಗಿಸಿ ನಿಲ್ಲಿ ಅನ್ನುತ್ತೇನೆ. ಬ್ಯಾಂಡ್ ಮೇಲೆ ಹತ್ತಿದ್ದರೆ ಟೇಪ್ ಪಕ್ಕಕ್ಕಿಟ್ಟು ಬ್ರಾ ಮಾತು. ಕೆಲವರಿಗೆ ನಾಚಿಕೆ, ಕೆಲವರಿಗೆ ಸಿಟ್ಟು. ಸರಿಯಾದದ್ದು ಹಾಕಿಕೊಂಡು ಬಂದವರ ಅಪೆಕ್ಸ್ (ಎದೆಯ ತುದಿ ಬರುವ ಜಾಗ) ಒಂದು, ಒಂದೂವರೆ ಇಂಚು ಮೇಲೆ ಹೋಗಿರುತ್ತದೆ, ಹಳೇ ಅಳತೆ ಬ್ಲೌಸ್ ಯಾವುದೂ ಲೆಕ್ಕಕ್ಕೆ ಬರಲ್ಲ. ಹೋದ ಮದುವೆ ಸೀಸನ್‌ನಲ್ಲಿ ಎಪ್ಪತ್ತೆಂಬತ್ತು ಬ್ಲೌಸ್ ಕೊಟ್ಟಿರಬೇಕು, ಎದೆ ಸರಿಯಿಲ್ಲ ಅಂತ ವಾಪಸ್ ಬಂದದ್ದು ಎರಡೇ. ನಕ್ಕ ಗೆಳತಿ ಈಗ ತನ್ನ ಗಿರಾಕಿಗಳನ್ನು ನನ್ನ ಹತ್ತಿರ ಕಳಿಸುತ್ತಾಳೆ, ಅಳತೆಗೆ ಮಾತ್ರ. ಸೋತದ್ದು ಸಣಕಲು ಹುಡುಗಿಯರ ವಿಷಯದಲ್ಲಿ. 28 ಬ್ಯಾಂಡ್ ಬೇಕಾದವರಿಗೆ ಊರಲ್ಲಿ ಏನೂ ಸಿಗಲ್ಲ. 30 ಹುಡುಕಿ ತಂದು ಹಿಂದೆ ಹಿಡಿದು ಕೊಡುತ್ತಿದ್ದೇನೆ.

ನನ್ನ ಮೊದಲ 34ಡಿಡಿ ಒಂಬತ್ತು ತಿಂಗಳಿಗೆ ಒಳಗಿನ ಹುಕ್ಕಿಗೆ ಬಂತು, ಈಗ ಅಲ್ಲೂ ಸಡಿಲ. ಬಿಸಿನೀರು, ವಾಷಿಂಗ್ ಮಷಿನ್ ತೋರಿಸದಿದ್ದರೂ ಎಲಾಸ್ಟಿಕ್ಕಿನ ಆಯುಷ್ಯ ಅಷ್ಟೇ. ನಿನ್ನೆ ಅದರ ಹೊಲಿಗೆಯನ್ನೆಲ್ಲ ಬಿಚ್ಚಿದೆ. ಒಂದು ಕಪ್ಪಿಗೆ ಮೂರು ತುಂಡು, ಒಂದೊಂದೂ ಒಂದೊಂದು ಬಾಗು. ಪೇಪರ್ ಮೇಲೆ ಇಟ್ಟು ಗೆರೆ ಎಳೆದುಕೊಂಡಿದ್ದೇನೆ. ಎಲಾಸ್ಟಿಕ್ ಇನ್ನೂ ಮೂರು ಮೀಟರ್ ಮಿಕ್ಕಿದೆ.