ಗುಜರಿ ಪಿಕಪ್‌ನ ವರ್ಷ ಹುಡುಕಿದ್ದು: ನನ್ನ ಅನುಭವ

ಗುಜರಿಯಿಂದ ತಂದ ಹಳೇ ಪಿಕಪ್‌ಗೆ ಹೊಸ ಬ್ರೇಕ್ ಶೂ ತರಿಸಿದ್ದೆ. ಶೂ ಅಂದರೆ ಚಕ್ರದ ಡ್ರಮ್ಮಿಗೆ ಒಳಗಿನಿಂದ ಒತ್ತಿ ಗಾಡಿ ನಿಲ್ಲಿಸುವ ಬಾಗಿದ ತುಂಡು. ಡ್ರಮ್ ಬಿಚ್ಚಿ, ಹಳೇ ಶೂ ತೆಗೆದು, ಹೊಸದನ್ನು ಇಟ್ಟು ನೋಡಿದರೆ ಕೂರುತ್ತಲೇ ಇಲ್ಲ. ಪಿನ್ನಿನ ಜಾಗ ಬೇರೆ, ಸ್ಪ್ರಿಂಗ್ ಸಿಕ್ಕಿಸುವ ತೂತು ಬೇರೆ. ಡಬ್ಬದ ಮೇಲೆ ಶೆವರ್ಲೆ ಅರ್ಧ ಟನ್ ಪಿಕಪ್, 1952 ಅಂತ ಸ್ಪಷ್ಟವಾಗಿ ಬರೆದಿತ್ತು. ಗುಜರಿ ಅಂಗಳದವರು ಮುಂದಿನ ಗಾಜಿನ ಮೇಲೆ ಬಿಳಿ ಬಣ್ಣದಲ್ಲಿ ಗೀಚಿದ್ದೂ 52 ಅಂತಲೇ. ನಾನು ಅದನ್ನೇ ನಂಬಿದ್ದೆ. ಡಬ್ಬದೊಳಗಿನ ಸಾಮಾನು ಸರಿಯಾಗಿಯೇ ಇತ್ತು. ತಪ್ಪಿದ್ದು ಗಾಜಿನ ಮೇಲಿನ ಬರಹ.

ನಾನಿರುವುದು ಅಮೆರಿಕದ ಕ್ಯಾನ್ಸಸ್ ರಾಜ್ಯದಲ್ಲಿ, ಟೊಪೀಕಾ ಊರಿನ ಹತ್ತಿರ. ಹುಟ್ಟಿ ಬೆಳೆದಿದ್ದು ಹುಬ್ಬಳ್ಳಿಯಲ್ಲಿ. ಸೋದರಮಾವನಿಗೆ ಅಲ್ಲಿ ಲಾರಿ ಗ್ಯಾರೇಜ್ ಇತ್ತು. ಶಾಲೆ ಬಿಟ್ಟ ಕೂಡಲೇ ಅಲ್ಲಿಗೆ ಓಡುತ್ತಿದ್ದೆ. ಗ್ಯಾರೇಜಿನ ಹಿಂದೆ ಹಳೇ ಶೆವರ್ಲೆ ಲಾರಿಯ ಬಾನೆಟ್ ಒಂದು ಬಿದ್ದಿತ್ತು. ಮಳೆ ಬಂದಾಗ ಕೋಳಿಗಳು ಅದರಡಿ ಸೇರಿಕೊಳ್ಳುತ್ತಿದ್ದವು. ಶೆವರ್ಲೆಯ ಒಡೆಯರಾದ ಜನರಲ್ ಮೋಟರ್ಸ್‌ನವರು 1928ರಿಂದ 1954ರವರೆಗೆ ಬಾಂಬೆಯಲ್ಲೇ ಗಾಡಿ ಜೋಡಿಸುತ್ತಿದ್ದರು. ಹಾಗಾಗಿ ಆ ಕಾಲದ ಶೆವರ್ಲೆ ಲಾರಿಗಳು ನಮ್ಮ ಕಡೆ ಬೇಕಾದಷ್ಟು ಓಡಾಡಿವೆ. ಇಲ್ಲಿನ ಗುಜರಿಯಲ್ಲಿ, ಮೊಣಕಾಲುದ್ದ ಹುಲ್ಲಿನ ನಡುವೆ ಅದೇ ಗುಂಡು ಮೂತಿ ಕಂಡಾಗ ನನಗೆ ಮುಂದೆ ಹೋಗಲು ಆಗಲಿಲ್ಲ. ಸುಮ್ನೆ ನಿಂತುಬಿಟ್ಟೆ.

ಕಂಪನಿ ಯಾವುದು ಅಂತ ಕಂಡುಹಿಡಿಯುವುದು ಕಷ್ಟವಾಗಲಿಲ್ಲ. ಆ ಕಾಲದ ಫೋರ್ಡ್ ಎಫ್-1 ಪಿಕಪ್‌ನಲ್ಲಿ ಹೆಡ್‌ಲೈಟ್ ಗ್ರಿಲ್ಲಿನ ಗೂಡಿನೊಳಗೇ ಇರುತ್ತದೆ. ಇದರಲ್ಲಿ ಮಡ್‌ಗಾರ್ಡಿನ ಮೇಲೆ ಇತ್ತು. ಅಲ್ಲಿಗೆ ಫೋರ್ಡ್ ಅಲ್ಲ. ಗೊಂದಲ ಆಗುವುದು ಶೆವರ್ಲೆಗೂ ಜಿಎಂಸಿಗೂ. ಎರಡೂ ಜನರಲ್ ಮೋಟರ್ಸ್ ಮನೆಯ ಮಕ್ಕಳು, ಕ್ಯಾಬಿನ್ ಒಂದೇ. ಜಿಎಂಸಿ ಆದರೆ ಗ್ರಿಲ್ಲಿನ ಮೇಲೆ ಮೂರು ದೊಡ್ಡ ಅಕ್ಷರ ಇರುತ್ತವೆ. ಇದರ ಮೂತಿಯ ಮೇಲಿನ ಹೆಸರಿನ ಪಟ್ಟಿ ಯಾರೋ ಕಿತ್ತುಕೊಂಡು ಹೋಗಿದ್ದರು. ಆದರೆ ಹಿಂದಿನ ತಗಡಿನ ಬಾಗಿಲನ್ನು ಯಾರೂ ಮುಟ್ಟಿರಲಿಲ್ಲ. ಮಣ್ಣು ಒರೆಸಿದೆ. ಉದ್ದಕ್ಕೂ ಶೆವರ್ಲೆ ಅಂತ ಉಬ್ಬಿದ ಅಕ್ಷರ ಕಾಣಿಸಿತು.

ಅಳತೆಯನ್ನೂ ತೆಗೆದುಕೊಂಡೆ. ಮುಂದಿನ ಚಕ್ರದ ನಡುವಿನಿಂದ ಹಿಂದಿನ ಚಕ್ರದ ನಡುವಿಗೆ 116 ಇಂಚು. ಚಕ್ರಕ್ಕೆ ಆರು ಬೋಲ್ಟು. ಅಂದರೆ ಅರ್ಧ ಟನ್ನಿನ 3100 ಮಾಡೆಲ್. ಮುಕ್ಕಾಲು ಟನ್ನಿನ 3600 ಆಗಿದ್ದರೆ ಎಂಟು ಬೋಲ್ಟು ಇರುತ್ತಿತ್ತು, ಗಾಡಿಯೂ ಇನ್ನಷ್ಟು ಉದ್ದ.

ವರ್ಷದ ಸುತ್ತಳತೆಯೂ ಗುಜರಿಯಲ್ಲೇ ಸಿಕ್ಕಿತ್ತು. ಈ ಆಕಾರದ ಗಾಡಿ ಬಂದಿದ್ದು 1947ರ ಬೇಸಿಗೆಯಲ್ಲಿ, ನಿಂತಿದ್ದು 1955ರ ಮಾರ್ಚ್‌ನಲ್ಲಿ. ಅಡ್ವಾನ್ಸ್ ಡಿಸೈನ್ ಅಂತ ಇದನ್ನು ಕರೆಯುತ್ತಾರೆ. 1954ರಲ್ಲಿ ಮುಖವನ್ನೇ ಬದಲಾಯಿಸಿದರು. ಅದಕ್ಕೆ ಮೊದಲು ಮುಂದಿನ ಗಾಜು ಎರಡು ತುಂಡು, ನಡುವೆ ಒಂದು ಪಟ್ಟಿ. ಆಮೇಲೆ ಒಂದೇ ಬಾಗಿದ ಗಾಜು. ಮೊದಲು ಗ್ರಿಲ್ಲಿಗೆ ಐದು ಅಡ್ಡ ಪಟ್ಟಿ, ಆಮೇಲೆ ದಪ್ಪನೆಯ ಒಂದು ಅಡ್ಡಪಟ್ಟಿಯ ಬೇರೆಯೇ ನಮೂನೆ. ನನ್ನ ಗಾಡಿಗೆ ಎರಡು ಗಾಜು, ಐದು ಪಟ್ಟಿ. ಹಾಗಾಗಿ 1947ರಿಂದ 1953ರೊಳಗೆ ಅನ್ನುವುದು ಖಾತ್ರಿ. 52 ಅಂದಿದ್ದು ಆ ಲೆಕ್ಕಕ್ಕೆ ಸರಿಹೊಂದುತ್ತಿತ್ತು. ಅದಕ್ಕೇ ಹೆಚ್ಚು ಕೆದಕದೆ ದುಡ್ಡು ಕೊಟ್ಟು ಟ್ರೇಲರ್ ಮೇಲೆ ಮನೆಗೆ ತಂದೆ.

ಶೂ ಕೂರದ ದಿನ ರಾತ್ರಿ ಮಾವನಿಗೆ ಫೋನ್ ಮಾಡಿದೆ. ಅವರಿಗೆ ಈಗ ಎಂಬತ್ತು ದಾಟಿದೆ. ಗ್ಯಾರೇಜ್ ಮುಚ್ಚಿ ವರ್ಷಗಳಾದವು. ಗಾಡಿ ಅಂದರೆ ಮಾತ್ರ ದನಿ ಬದಲಾಗುತ್ತದೆ.

“ಐವತ್ತೆರಡು ಅಂತ ಯಾರ ಹೇಳಿದ್ರೋ ಅಳಿಯಾ?”

“ಗುಜರಿಯವರು ಮಾಮಾ. ಬಾಗ್ಲಾ ನೋಡಿ ಹೇಳಿದ್ರಂತ.”

“ಬಾಗ್ಲಾ ನೋಡಿ ಮನಿ ವಯಸ್ಸ ಹೇಳಬಾರ್ದು. ಬಾಗ್ಲಾ ಯಾವಾಗ ಬೇಕಾದ್ರೂ ಬದಲಾಗ್ತಾವ. ಗ್ವಾಡಿ ನೋಡು.”

ಮರುದಿನ ಬೆಳಿಗ್ಗೆ ಮೊದಲು ಬಾಗಿಲನ್ನೇ ನೋಡಿದೆ. ಅಲ್ಲೇ ಎಲ್ಲ ಬಿಚ್ಚಿಕೊಂಡಿತು.

ಎಡಗಡೆ ಬಾಗಿಲಲ್ಲಿ ದೊಡ್ಡ ಗಾಜಿನ ಮುಂದೆ ತ್ರಿಕೋನದ ಸಣ್ಣ ಗಾಜಿತ್ತು. ನಮ್ಮ ಅಂಬಾಸಿಡರ್ ಕಾರಿನ ಮುಂಬಾಗಿಲಲ್ಲಿ ಗಾಳಿಗೆ ತಿರುಗಿಸುತ್ತಿದ್ದೆವಲ್ಲ, ಅಂಥದ್ದು. ಈ ಪಿಕಪ್‌ಗಳಿಗೆ ಅದು ಬಂದಿದ್ದು 1951ರಲ್ಲಿ. ಹಿಡಿಕೆ ಗುಂಡಿ ಒತ್ತಿ ತೆಗೆಯುವ ನಮೂನೆ. ಅದು ಬಂದಿದ್ದು 1952ರಲ್ಲಿ. ಗುಜರಿಯವರು 52 ಅಂತ ಬರೆದಿದ್ದಕ್ಕೆ ಕಾರಣ ಇದೇ. ಅವರು ನೋಡಿದ್ದು ಚಾಲಕನ ಕಡೆಯಿಂದ ಮಾತ್ರ. ಇಲ್ಲಿ ಸ್ಟಿಯರಿಂಗ್ ಎಡಗಡೆ, ಯಾರೇ ಬಂದರೂ ಮೊದಲು ತೆಗೆಯುವುದು ಎಡ ಬಾಗಿಲನ್ನೇ.

ಬಲಗಡೆ ಹೋದೆ. ತ್ರಿಕೋನದ ಗಾಜು ಇಲ್ಲ. ಬಾಗಿಲ ತುಂಬ ಒಂದೇ ಗಾಜು. ಹಿಡಿಕೆ ಕೆಳಗೆ ತಿರುಗಿಸಿ ತೆಗೆಯುವ ಹಳೇ ನಮೂನೆ. ಒಂದೇ ಗಾಡಿಗೆ ಎರಡು ಕಾಲದ ಬಾಗಿಲು! ಗುಜರಿಯಲ್ಲಿ ನಾಲ್ಕು ಸಲ ಸುತ್ತು ಹೊಡೆದಿದ್ದೆ, ಕಣ್ಣಿಗೆ ಬಿದ್ದಿರಲಿಲ್ಲ. ಎಡ ಬಾಗಿಲಿನ ಒಳಅಂಚು ಕೆರೆದಾಗ ಕೆಳಗೆ ಕಡು ಹಸಿರು ಬಣ್ಣ ಬಂತು. ಬಲ ಬಾಗಿಲಿನದು ನೀಲಿ. ಕ್ಯಾಬಿನ್ನಿನ ಕಂಬದಲ್ಲೂ ನೀಲಿ. ಎಡ ಬಾಗಿಲು ಬೇರೆ ಗಾಡಿಯದು.

ಇಲ್ಲಿ ಒಂದು ಮಾತು. ಹಳೇ ಪಿಕಪ್ ಅಂದರೆ ಹೊಲದ ಗಾಡಿ. ಬಾಗಿಲು, ಬಾನೆಟ್, ಮಡ್‌ಗಾರ್ಡ್, ಗ್ರಿಲ್, ಎಂಜಿನ್ ಇವೆಲ್ಲ ಬೋಲ್ಟಿನ ಮೇಲೆ ನಿಂತಿರುವ ಸಾಮಾನು. ಒಂದು ಗುದ್ದಿದರೆ ಇನ್ನೊಂದರಿಂದ ತೆಗೆದು ಹಾಕುತ್ತಿದ್ದರು. ವರ್ಷ ಹುಡುಕುವಾಗ ಅವುಗಳ ಮಾತನ್ನು ಕೇಳಬಹುದು, ನಂಬಬಾರದು. ಕ್ಯಾಬಿನ್ನಿನ ತಗಡಿನಲ್ಲೇ ಒತ್ತಿ ಮಾಡಿದ್ದು, ಬದಲಿಸಬೇಕೆಂದರೆ ಕತ್ತರಿಸಿ ವೆಲ್ಡ್ ಮಾಡಬೇಕಾದದ್ದು, ಅದು ನಿಜ ಹೇಳುತ್ತದೆ. ಮಾವ ಗ್ವಾಡಿ ಅಂದಿದ್ದು ಅದನ್ನೇ.

ಕ್ಯಾಬಿನ್ನಿನಲ್ಲಿ ಎರಡು ಗುರುತು ಸಿಕ್ಕವು. ಮೊದಲನೆಯದು ಪೆಟ್ರೋಲ್ ಹಾಕುವ ಬಾಯಿ. 1948ರವರೆಗೆ ಟ್ಯಾಂಕ್ ಕ್ಯಾಬಿನ್ನಿನ ಹೊರಗೆ ಇತ್ತು, ಪೆಟ್ರೋಲ್ ಹಾಕುವ ಬಾಯಿ ಹಿಂದಿನ ತೊಟ್ಟಿಯ ಪಕ್ಕದಲ್ಲಿ. 1949ರಲ್ಲಿ ಟ್ಯಾಂಕನ್ನು ಸೀಟಿನ ಹಿಂದೆ, ಕ್ಯಾಬಿನ್ನಿನ ಒಳಗೇ ನಿಲ್ಲಿಸಿದರು. ಬಾಯಿ ಬಲ ಬಾಗಿಲಿನ ಹಿಂದೆ, ಕ್ಯಾಬಿನ್ನಿನ ಗೋಡೆಗೇ ಬಂತು. ನನ್ನದರಲ್ಲಿ ಅದು ಅಲ್ಲೇ ಇತ್ತು. ಸುತ್ತಲಿನ ತಗಡು ಕಾರ್ಖಾನೆಯದೇ, ಕತ್ತರಿಸಿದ ಗುರುತಿಲ್ಲ. ಅಂದರೆ 1949 ಅಥವಾ ಆಮೇಲೆ.

ಎರಡನೆಯದನ್ನು ಹುಡುಕಲು ಅಂಗಾತ ಮಲಗಬೇಕಾಯಿತು. ಚಾಲಕನ ಎಡಗಾಲಿನ ಪಕ್ಕ, ಡ್ಯಾಶ್‌ಬೋರ್ಡಿನ ಕೆಳಗೆ, ಕ್ಯಾಬಿನ್ನಿನ ಪಕ್ಕದ ಗೋಡೆಯಲ್ಲಿ ಹೊರಗಿನ ಗಾಳಿ ಬರಲಿ ಅಂತ ಒಂದು ಸಣ್ಣ ಬಾಗಿಲು ಇರುತ್ತಿತ್ತು. ಇಲಿಗಳು ಅಲ್ಲಿ ಹುಲ್ಲು, ಬಟ್ಟೆಚೂರು, ಜೋಳದ ಸಿಪ್ಪೆ ತುಂಬಿ ಗೂಡು ಮಾಡಿದ್ದವು. ಕೈಗವಸು ಹಾಕಿ ಒಂದೊಂದೇ ಹಿಡಿ ಹೊರಗೆ ತೆಗೆದೆ. ಅರ್ಧ ಬಕೆಟ್ ಆಯಿತು. ಟಾರ್ಚ್ ಬಿಟ್ಟರೆ ತುಕ್ಕು ಹಿಡಿದ ಸಣ್ಣ ಬಾಗಿಲು, ಅದರ ಕೀಲು, ಎಳೆಯುವ ಹಿಡಿಕೆ, ಮೂರೂ ಅಲ್ಲೇ ಇದ್ದವು. ಮೆಲ್ಲಗೆ ತಳ್ಳಿದೆ. ಕಿರ್ ಅಂತ ಒಂದು ಬೆರಳಿನಷ್ಟು ತೆರೆದುಕೊಂಡು ಹೊರಗಿನ ಬೆಳಕು ಒಳಗೆ ಬಿತ್ತು. ನಾನು ಮಲಗಿದಲ್ಲೇ ಜೋರಾಗಿ ಕೂಗಿದೆ. ಯಾಕೆಂದರೆ ಈ ಬಾಗಿಲು ಬಂದಿದ್ದು 1950ರವರೆಗೆ ಮಾತ್ರ.

ಟ್ಯಾಂಕು 1949ಕ್ಕಿಂತ ಹಿಂದೆ ಹೋಗಲು ಬಿಡುವುದಿಲ್ಲ. ಗಾಳಿಬಾಗಿಲು 1950ರಿಂದ ಮುಂದೆ ಹೋಗಲು ಬಿಡುವುದಿಲ್ಲ. ಉಳಿದಿದ್ದು ಎರಡೇ ವರ್ಷ.

ಅಷ್ಟರಲ್ಲಿ ಬ್ರೇಕಿನ ಕತೆಯೂ ಅರ್ಥವಾಯಿತು. 1950ರವರೆಗೆ ಈ ಗಾಡಿಗಳಿಗೆ ಹಕ್ ಅನ್ನುವ ಬ್ರೇಕ್. 1951ರಿಂದ ಬೆಂಡಿಕ್ಸ್. ಎರಡರ ಶೂ ಒಂದಕ್ಕೊಂದು ಹೊಂದುವುದಿಲ್ಲ. ನಾನು ತರಿಸಿದ್ದು ಬೆಂಡಿಕ್ಸಿನದು, ಗಾಡಿಯಲ್ಲಿದ್ದಿದ್ದು ಹಕ್. ಬಾಗಿಲಿನ ಗಾಜು, ಹಿಡಿಕೆ ಬಿಟ್ಟರೆ ಹೊರಗಿನಿಂದ ನೋಡಿದಾಗ 1950ರ ಗಾಡಿಗೂ 1952ರ ಗಾಡಿಗೂ ಹೆಚ್ಚೇನೂ ವ್ಯತ್ಯಾಸ ಕಾಣುವುದಿಲ್ಲ. ನಿಲ್ಲಿಸುವ ಸಾಮಾನು ಮಾತ್ರ ಪೂರ್ತಿ ಬೇರೆ. ವರ್ಷ ಯಾವುದಾದರೇನು, ಓಡಿದರೆ ಸಾಕು ಅನ್ನುವವರಿಗೆ ನಾನು ಇದನ್ನೇ ತೋರಿಸುತ್ತೇನೆ.

49 ಮತ್ತು 50ರ ನಡುವೆ ಆರಿಸಲು ಗಾಡಿಯ ಕೆಳಗೆ ಹೋದೆ. 1949ರವರೆಗೆ ಶಾಕ್ ಅಬ್ಸಾರ್ಬರ್ ತೋಳು ಆಡುವ ಹಳೇ ನಮೂನೆ. 1950ರಲ್ಲಿ ಈಗ ಎಲ್ಲ ಗಾಡಿಗಳಲ್ಲಿ ಇರುವ ಹಾಗೆ ಕೊಳವೆಯೊಳಗೆ ಕೊಳವೆ ಸರಿಯುವ ನಮೂನೆ ಬಂತು. ನನ್ನದರಲ್ಲಿ ಕೊಳವೆಯದು. ಆದರೆ ಅದೂ ಬೋಲ್ಟಿನ ಸಾಮಾನೇ ಅಲ್ವಾ? ಹಳೇ ಗಾಡಿಗೆ ಹೊಸ ಶಾಕ್ ಹಾಕಿಸಿಕೊಂಡವರು ಎಷ್ಟೋ ಜನ ಇದ್ದಾರೆ. ವೈರ್ ಬ್ರಷ್ ಹಿಡಿದು ಚಾಸಿಯನ್ನು ಉಜ್ಜಿದೆ. ಹೊಸದಾಗಿ ಕೊರೆದ ತೂತು ಇಲ್ಲ, ವೆಲ್ಡಿಂಗ್ ಇಲ್ಲ. 50ರ ಕಡೆಗೇ ತಕ್ಕಡಿ ವಾಲಿತು. ಆದರೂ ಮನಸ್ಸಿಗೆ ಪೂರ್ತಿ ಸಮಾಧಾನ ಆಗಲಿಲ್ಲ.

ಎಂಜಿನ್ ಬೇರೆ ಇನ್ನೊಂದು ಕತೆ ಹೇಳುತ್ತಿತ್ತು. ಬಲಗಡೆ ಬ್ಲಾಕಿನ ಮೇಲೆ ಎರಕ ಹೊಯ್ದ ದಿನಾಂಕ ಉಬ್ಬಿರುತ್ತದೆ. ಎಣ್ಣೆ ಜಿಡ್ಡು ಕೆರೆದು ನೋಡಿದರೆ ಇ 12 7. ಮೊದಲ ಅಕ್ಷರ ತಿಂಗಳು, ಎ ಅಂದರೆ ಜನವರಿ, ಹಾಗೆ ಎಣಿಸಿದರೆ ಇ ಅಂದರೆ ಮೇ. ಆಮೇಲೆ ತಾರೀಕು. ಕೊನೆಯ ಅಂಕಿ ವರ್ಷದ ಕೊನೆಯ ಅಂಕಿ. 7 ಅಂದರೆ 1947 ಆಗಬಹುದು, 1957 ಆಗಬಹುದು. ದಶಕ ಯಾವುದು ಅಂತ ಎಂಜಿನ್ನಿನ ಆಕಾರ ನೋಡಿ ಹೇಳಬೇಕು. ಹಳೇ 216 ಎಂಜಿನ್ನಿಗೆ (ಈ ಅಂಕಿ ಎಂಜಿನ್ನಿನ ಗಾತ್ರ, ಘನ ಇಂಚಿನಲ್ಲಿ) ಮೇಲಿನ ವಾಲ್ವ್ ಕವರ್ ನೆತ್ತಿಯ ಮೇಲಿನ ಎರಡು ನಟ್ಟಿನಲ್ಲಿ ಕೂರುತ್ತದೆ. ನನ್ನದಕ್ಕೆ ಅಂಚಿನಲ್ಲಿ ನಾಲ್ಕು ಸ್ಕ್ರೂ. ಅದು ಆಮೇಲಿನ 235 ಎಂಜಿನ್ನಿನ ಗುರುತು. ಹಾಗಾಗಿ 1957ರ ಮೇ 12. 216ರಲ್ಲಿ ಕನೆಕ್ಟಿಂಗ್ ರಾಡಿನ ಬೇರಿಂಗಿಗೆ ಆಯಿಲ್ ಒತ್ತಡದಲ್ಲಿ ಹೋಗುತ್ತಿರಲಿಲ್ಲ, ಚಿಮ್ಮಿ ಬೀಳುತ್ತಿತ್ತು. ಹೆದ್ದಾರಿಯಲ್ಲಿ ಜೋರಾಗಿ ಓಡಿಸಬೇಕು ಅನ್ನುವವರು 235 ಕೂರಿಸಿಕೊಳ್ಳುತ್ತಿದ್ದರು. ಈ ಗಾಡಿಯ ಯಜಮಾನನೂ ಹಾಗೇ ಮಾಡಿರಬೇಕು. ಕೆಲವು ರಾಜ್ಯಗಳಲ್ಲಿ ಆಗ ಎಂಜಿನ್ ನಂಬರಿನ ಮೇಲೇ ಗಾಡಿಯ ಕಾಗದ ಮಾಡುತ್ತಿದ್ದರು. ಕಾಗದಕ್ಕೂ ಗಾಡಿಗೂ ತಾಳೆಯಾಗದೆ ಇರುವುದಕ್ಕೆ ಇದೂ ಒಂದು ಕಾರಣ.

ಉಳಿದಿದ್ದು ನಂಬರ್ ಪಟ್ಟಿ, ಅಂದರೆ ಕಾರ್ಖಾನೆಯವರು ಗಾಡಿಯ ಸರಣಿ ಸಂಖ್ಯೆ ಒತ್ತಿ ರಿವೆಟ್ ಹೊಡೆದ ಸಣ್ಣ ತಗಡು. ಅದು ಎಡ ಬಾಗಿಲಿನ ಕೀಲು ಇರುವ ಕಂಬದ ಮೇಲೆ ಇರಬೇಕು. ಗುಜರಿಯಲ್ಲೇ ಹುಡುಕಿದ್ದೆ, ಕಂಡಿರಲಿಲ್ಲ. ಕಿತ್ತುಹೋಗಿದೆ ಅಂದುಕೊಂಡಿದ್ದೆ. ಈಗ ಎಡ ಬಾಗಿಲನ್ನು ಪೂರ್ತಿ ಬಿಚ್ಚಿ ಪಕ್ಕಕ್ಕೆ ಇಟ್ಟೆ. ಸಂಜೆ ಹೊತ್ತು, ಗ್ಯಾರೇಜಿನ ದೀಪ ಆರಿಸಿ, ಟಾರ್ಚನ್ನು ಕಂಬಕ್ಕೆ ಒರಗಿಸಿ ಅಡ್ಡಡ್ಡ ಬೆಳಕು ಬಿಟ್ಟೆ. ನೇರ ಬೆಳಕಿನಲ್ಲಿ ಕಾಣದ್ದು ಓರೆ ಬೆಳಕಿನಲ್ಲಿ ಕಾಣುತ್ತದೆ. ಬಣ್ಣದ ಕೆಳಗೆ ಒಂದು ಚೌಕದ ಅಂಚು, ಎರಡು ರಿವೆಟ್ಟಿನ ತಲೆ. ಪಟ್ಟಿ ಎಲ್ಲೂ ಹೋಗಿರಲಿಲ್ಲ. ಅದರ ಮೇಲೆಯೇ ಬಣ್ಣ ಬಳಿದಿದ್ದರು, ಅದೂ ಮೂರು ಸಲ.

ಇಲ್ಲಿ ಅವಸರ ಮಾಡಬಾರದು. ವೈರ್ ಬ್ರಷ್, ಉಪ್ಪುಕಾಗದ ಹತ್ತಿರವೂ ತರಬೇಡಿ, ಅಂಕಿಗಳೇ ಅಳಿಸಿಹೋಗುತ್ತವೆ. ರಿವೆಟ್ಟನ್ನಂತೂ ಮುಟ್ಟಲೇಬೇಡಿ. ನಂಬರ್ ಪಟ್ಟಿ ಕಿತ್ತರೆ ಕದ್ದ ಗಾಡಿ ಅನ್ನುವ ಅನುಮಾನ ಬರುತ್ತದೆ. ನಾನು ಬಣ್ಣ ಮೆತ್ತಗಾಗಿಸುವ ದ್ರಾವಣವನ್ನು ಹತ್ತಿಯಲ್ಲಿ ಅದ್ದಿ ಪಟ್ಟಿಯ ಮೇಲೆ ಒತ್ತಿ ಇಟ್ಟೆ. ಹತ್ತು ನಿಮಿಷ ಬಿಟ್ಟು ಪ್ಲಾಸ್ಟಿಕ್ ಚಮಚದ ಅಂಚಿನಿಂದ ಎತ್ತಿದೆ. ಮೊದಲು ಬಿಳಿ ಪದರ ಬಂತು. ಮತ್ತೆ ಹತ್ತಿ. ಆಮೇಲೆ ಕೆಂಪು. ಮತ್ತೆ ಹತ್ತಿ. ಆಮೇಲೆ ನೀಲಿ. ಅದರಡಿ ಪಟ್ಟಿಯ ಕಪ್ಪು ಬಣ್ಣ ಇಣುಕಿತು. ಅದೂ ಒಂದು ಸಾಕ್ಷಿಯೇ, ಯಾಕೆಂದರೆ 1953ರಿಂದ ಪಟ್ಟಿ ನೀಲಿ ಬಣ್ಣದ್ದು. ಹಳೇ ಟೂತ್‌ಬ್ರಷ್‌ನಿಂದ ಮೆಲ್ಲಗೆ ಉಜ್ಜಿ, ಚಾಕ್ ಪುಡಿ ಸವರಿ ಒರೆಸಿದೆ. ತಗ್ಗಿನಲ್ಲಿ ಬಿಳಿ ಕೂತು ಅಕ್ಷರ ಎದ್ದು ಬಂದವು.

5, ಎಚ್‌ಪಿ, ಜಿ, ಆಮೇಲೆ ನಾಲ್ಕು ಅಂಕಿ.

ಮೊದಲ 5 ಅಂದರೆ ಕ್ಯಾನ್ಸಸ್ ಸಿಟಿಯ ಕಾರ್ಖಾನೆ. ಎಚ್‌ಪಿ ಅಂದರೆ 1950ರ ಅರ್ಧ ಟನ್ ಪಿಕಪ್. 1949ರದ್ದಾಗಿದ್ದರೆ ಜಿಪಿ, 1951ರದ್ದು ಜೆಪಿ, 1952ರದ್ದು ಕೆಪಿ ಇರುತ್ತಿತ್ತು. ಮೂರನೆಯದಾಗಿ ಬಂದ ಜಿ ತಿಂಗಳನ್ನು ಹೇಳುತ್ತದೆ, ಜುಲೈ. ಇಲ್ಲಿ ಜಿ ನೋಡಿ 1949 ಅಂತ ಓದಿಬಿಡುವವರಿದ್ದಾರೆ. ಅಕ್ಷರ ಯಾವುದು ಅನ್ನುವುದಕ್ಕಿಂತ ಯಾವ ಜಾಗದಲ್ಲಿದೆ ಅನ್ನುವುದು ಮುಖ್ಯ.

1950ರ ಜುಲೈ, ಕ್ಯಾನ್ಸಸ್ ಸಿಟಿ. ನಮ್ಮ ಮನೆಯಿಂದ ನೂರು ಕಿಲೋಮೀಟರ್ ಆಸುಪಾಸು. ಅಷ್ಟು ಹತ್ತಿರ ಹುಟ್ಟಿದ ಗಾಡಿ ಬೇರೆಯವರ ಹೆಸರು, ಬೇರೆಯವರ ಬಾಗಿಲು, ಬೇರೆಯವರ ಎಂಜಿನ್ ಹೊತ್ತುಕೊಂಡು ಹುಲ್ಲಿನಲ್ಲಿ ನಿಂತಿತ್ತಲ್ಲ ಅಂತ ಗಂಟಲು ಕಟ್ಟಿತು. ಹಾಗೇ ನೆಲದ ಮೇಲೆ ಕೂತು ಆ ಪಟ್ಟಿಯ ಫೋಟೋ ತೆಗೆದು ಮಾವನಿಗೆ ಕಳಿಸಿದೆ. ಅಲ್ಲಿ ಬೆಳಗಾಗಿತ್ತು. ಎರಡೇ ನಿಮಿಷಕ್ಕೆ ಫೋನ್ ಬಂತು.

“ಐವತ್ತನೇ ಇಸ್ವಿ ಏನೋ ಅಳಿಯಾ! ಆ ಎಂಜಿನ್ ತಗೀಬ್ಯಾಡ. ಅದನ್ನ ಹಾಕಿದಾಂವ ಭಾಳ ಪ್ರೀತೀಲೆ ಹಾಕಿರ್ತಾನ.”

ತೆಗೆಯಲಿಲ್ಲ. ಹಕ್ ಬ್ರೇಕಿನ ಶೂ ಬಂದಿವೆ, ಮುಂದಿನ ಎರಡು ಚಕ್ರಕ್ಕೆ ಕೂರಿಸಿದ್ದೇನೆ, ಒಂದೇ ಸಲಕ್ಕೆ ಕೂತವು. ಗುಜರಿಯವರಿಗೂ ಹೋಗಿ ಪಟ್ಟಿಯ ಫೋಟೋ ತೋರಿಸಿ ಬಂದೆ. ಅವರ ಅಂಗಳದಲ್ಲಿ ಇದೇ ನಮೂನೆಯ ಇನ್ನೂ ಎರಡು ಪಿಕಪ್ ಇವೆ, ಮುಂದಿನ ಶನಿವಾರ ಟಾರ್ಚ್ ಮತ್ತು ಹತ್ತಿ ತೆಗೆದುಕೊಂಡು ಬಾ ಅಂದಿದ್ದಾರೆ. ಎಡಗಡೆಗೆ ತ್ರಿಕೋನದ ಗಾಜು ಇಲ್ಲದ, ಹಿಡಿಕೆ ತಿರುಗಿಸಿ ತೆಗೆಯುವ ಬಾಗಿಲೊಂದು ಬೇಕು. ಅದನ್ನು ಇನ್ನೂ ಹುಡುಕುತ್ತಿದ್ದೇನೆ.